ಮೈಬಣ್ಣದ ಕ್ರೆಯಾನ್

2022ರ ಮಳೆಗಾಲ. ಒಂದು ಶನಿವಾರ ನಾಲ್ಕನೇ ತರಗತಿಯ ಮಕ್ಕಳಿಗೆ ‘ನಿಮ್ಮ ಮನೆಯವರ ಚಿತ್ರ ಬರೀರಿ’ ಅಂದೆ. ಹಿಂದಿನ ಸಾಲಿನಲ್ಲಿದ್ದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ ಮನೆ ಬರೆದು, ಹಂಚಿಗೆ ಕೆಂಪು ಹಚ್ಚಿ, ಅಂಗಳದಲ್ಲಿ ಎರಡು ಕೋಳಿ ಬಿಟ್ಟು, ಅಮ್ಮನ ಸೀರೆಗೆ ಹಸಿರು ತುಂಬಿದ್ದಳು. ಮುಖಗಳು ಮಾತ್ರ ಹಾಗೇ ಬಿಳಿಯಾಗಿದ್ದವು. ಯಾಕಮ್ಮಾ ಅಂದೆ. ‘ಮೈಬಣ್ಣ ಅವನ ಹತ್ರ ಇದೆ ಅಕ್ಕೋರೇ, ಇನ್ನೂ ಕೊಟ್ಟಿಲ್ಲ’ ಅಂದಳು. ಅವಳು ಕಾಯುತ್ತಿದ್ದದ್ದು ಪಕ್ಕದವನ ಕೈಲಿದ್ದ ತಿಳಿ ಗುಲಾಬಿ ಕ್ರೆಯಾನಿಗೆ. ಕಂದು ಬಣ್ಣದ ಕಡ್ಡಿ ಅವಳ ಡಬ್ಬಿಯಲ್ಲೇ ಇತ್ತು.

ನಾನು ತುಮಕೂರಿನ ಕಡೆಯವಳು. ಯಲ್ಲಾಪುರ ತಾಲೂಕಿನ ಈ ಸರ್ಕಾರಿ ಶಾಲೆಗೆ ಬಂದು ಆಗ ನಾಲ್ಕು ವರ್ಷವಾಗಿತ್ತು. ವರ್ಣಭೇದ ಅಂದರೆ ನನ್ನ ಮಟ್ಟಿಗೆ 1893ರಲ್ಲಿ ಗಾಂಧೀಜಿಯನ್ನು ರೈಲಿನಿಂದ ಹೊರದಬ್ಬಿದ ಪಾಠ. ಪ್ರತಿ ವರ್ಷ ಮನಸಿಟ್ಟು ಮಾಡುತ್ತಿದ್ದೆ. ನನ್ನ ಶಾಲೆಯ ಮಕ್ಕಳಲ್ಲಿ ಮೂರರಲ್ಲೊಬ್ಬರು ಸಿದ್ದಿಗಳು ಅನ್ನುವುದಕ್ಕೂ ಆ ಪಾಠಕ್ಕೂ ಸಂಬಂಧವಿದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಆ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ‘ಸಿದ್ದಿಗಳೂ ನಮ್ಮ ಹಾಗೇ ಮನುಷ್ಯರು, ಯಾರೂ ಅವರನ್ನು ಕರಿಯರು ಅಂತ ಆಡಿಕೊಳ್ಳಬಾರದು’ ಅಂತ ಐದು ನಿಮಿಷ ಮಾತಾಡಿದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ. ಮಾರನೇ ದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಮೂರನೇ ದಿನ ಅವರ ಕೇರಿಗೆ ಹೋದೆ. ಜಗುಲಿಯ ಮೇಲೆ ಅಜ್ಜಿ ಕೌದಿ ಹೊಲಿಯುತ್ತಿದ್ದರು. ಅಡಿಯಲ್ಲಿ ಹಳೆ ಸೀರೆ, ಅದರ ಮೇಲೆ ಬಣ್ಣಬಣ್ಣದ ತುಂಡು ಬಟ್ಟೆ. ಅಂಚಿನಿಂದ ಶುರುಮಾಡಿ ಸುತ್ತ ಬರುತ್ತಾ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ನಾಲ್ಕು ಮೂಲೆಗೂ ತ್ರಿಕೋನದ ತುಂಡುಗಳನ್ನು ಮಡಿಸಿ ಕೂರಿಸುತ್ತಾರೆ, ಅದಕ್ಕೆ ಹೂ ಅಂತ ಹೆಸರು. ನನಗೆ ಮಣೆ ಕೊಟ್ಟು, ಸೂಜಿ ನಿಲ್ಲಿಸದೆ ಕೇಳಿದರು: ‘ಅಂದವರು ಬೇರೆ ಯಾರೋ. ಇವಳನ್ನ ಯಾಕೆ ನಿಲ್ಲಿಸಿದಿರಿ ಅಕ್ಕೋರೇ?’

ನನ್ನ ಬಳಿ ಉತ್ತರವಿರಲಿಲ್ಲ. ‘ನಮ್ಮ ಹಾಗೇ’ ಅಂದೆನಲ್ಲ, ಆ ‘ನಮ್ಮ’ ಅನ್ನುವುದರೊಳಗೆ ಅವಳು ಇಲ್ಲ ಅಂತ ಇಡೀ ಶಾಲೆಗೆ ನಾನೇ ಸಾರಿದ್ದೆ. ಅಜ್ಜಿಯ ಮುಂದೆ ತಪ್ಪಾಯಿತು ಅಂದೆ. ಹುಡುಗಿಗೂ ಹೇಳಿದೆ. ಅವಳು ಬಾಗಿಲ ಹಿಂದೆಯೇ ನಿಂತಿದ್ದಳು. ಆದರೆ ಮಾರನೇ ದಿನ ಬಂದಳು.

ಅವತ್ತಿನಿಂದ ಒಂದು ತಿಂಗಳು ಪಾಠ ಟಿಪ್ಪಣಿಯ ಹಿಂದಿನ ಹಾಳೆಗಳಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಬರೆದಿಟ್ಟೆ. ಮಕ್ಕಳ ಬಾಯಲ್ಲಿ ಬಂದದ್ದಕ್ಕಿಂತ ದೊಡ್ಡವರ ಬಾಯಲ್ಲಿ ಬಂದದ್ದೇ ಹೆಚ್ಚಿತ್ತು. ಕೂದಲಿನ ಬಗ್ಗೆ, ತುಟಿಯ ಬಗ್ಗೆ. ‘ಇವರಿಗೆ ಓಟ ಬಿಟ್ಟರೆ ಬೇರೆ ಹತ್ತಲ್ಲ.’ ಬರೆಯಲು ಕಷ್ಟವಾದದ್ದು ನನ್ನ ಸಾಲುಗಳು. ಕ್ರೀಡಾಕೂಟ ಬಂದರೆ ಸಿದ್ದಿ ಮಕ್ಕಳ ಹೆಸರು ಮೊದಲೇ ಬರೆಯುತ್ತಿದ್ದವಳು ನಾನು. ಗ್ಯಾದರಿಂಗಿಗೆ ಅತಿಥಿಗಳು ಬಂದಾಗಲೆಲ್ಲ ಅವರಿಂದ ಸಿದ್ದಿಗಳ ಕುಣಿತವಾದ ಡಮಾಮಿ ಕುಣಿಸಿ, ನಾಟಕದಲ್ಲಿ ರಾಕ್ಷಸನ ಪಾತ್ರ ಕೊಡುತ್ತಿದ್ದವಳೂ ನಾನೇ. ಅವೆಲ್ಲ ಪ್ರೀತಿಯಿಂದ ಮಾಡಿದ್ದು, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಇಂಥ ಕೆಲಸ ಶುರುಮಾಡುವವರಿಗೆ ನಾನು ಮೊದಲು ಹೇಳುವುದು ಈ ಬರೆಯುವ ಕೆಲಸವನ್ನೇ. ಯಾರಿಗೂ ತೋರಿಸಬೇಕಿಲ್ಲ, ಆದರೆ ನಿಮ್ಮ ಮಾತನ್ನು ಬಿಟ್ಟು ಬರೆಯಬೇಡಿ.

ಆಮೇಲೆ ಓದಲು ಕೂತೆ. ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು ಅನ್ನುವಷ್ಟು ಗೊತ್ತಿತ್ತು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ ಅಂತ ಕೇರಿಗೆ ಹೋಗಿ ಬಂದ ಮೇಲೆ ತಿಳಿಯಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಇರುವ 1989ರ ದೌರ್ಜನ್ಯ ತಡೆ ಕಾಯ್ದೆ ಅವರಿಗೂ ಅನ್ವಯಿಸುತ್ತದೆ. ನಾಲ್ಕು ಜನರ ಎದುರು ಬೇಕೆಂದೇ ಅವಮಾನ ಮಾಡಿದರೆ ಅದು ಶಿಕ್ಷಾರ್ಹ ಅಪರಾಧ. ಇದನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿ ಹೇಳಿದಾಗ ಮೊದಲ ಬಾರಿ ಸಭೆ ನಿಶ್ಶಬ್ದವಾಯಿತು.

ಪಾಠದಲ್ಲಿ ಮಾಡಿದ ಬದಲಾವಣೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ದಖನ್ನಿನ ಸುಲ್ತಾನರ ಪಾಠ ಬಂದಾಗ ಮಲಿಕ್ ಅಂಬರನ ಕಥೆ ಸೇರಿಸಿದೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖನ್ನಿಗೆ ಬಂದವನು, ಅಹಮದ್‌ನಗರದ ನಿಜಾಮಶಾಹಿಯ ಮುಖ್ಯಮಂತ್ರಿಯಾಗಿ, ಜಹಾಂಗೀರನ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ಅವನು ಕಟ್ಟಿದ ಖಡ್ಕಿ ಊರೇ ಮುಂದೆ ಔರಂಗಾಬಾದ್ ಆಯಿತು. ಕಥೆ ಹೇಳುವಾಗ ಸಿದ್ದಿ ಮಕ್ಕಳ ಕಡೆ ತಿರುಗಿ ನೋಡಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ, ಬೋರ್ಡಿನ ಕಡೆಯೇ ಮುಖ ಮಾಡಿ ನಕ್ಷೆ ಬರೆಯುತ್ತಾ ಹೇಳಿದೆ. ಆಟದ ಹೊತ್ತಿನಲ್ಲಿ ಮೂವರು ಹುಡುಗರು ನಾನು ಅಂಬರ, ನಾನು ಅಂಬರ ಅಂತ ಜಗಳಾಡುತ್ತಿದ್ದರು. ಅದರಲ್ಲಿ ಒಬ್ಬನೇ ಸಿದ್ದಿ. 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡ ಶಾಂತಾರಾಮ ಸಿದ್ದಿಯವರ ಫೋಟೊ ಗೋಡೆಯ ಮೇಲಿದೆ. ಅದೂ ಉಳಿದವರ ಫೋಟೊಗಳ ಸಾಲಿನಲ್ಲೇ, ಬೇರೆ ಅಲ್ಲ.

ಡಮಾಮಿಯನ್ನು ಈಗ ಕೇರಿಯ ಹಿರಿಯರೊಬ್ಬರು ಬಂದು ಬೇಕಾದ ಎಲ್ಲ ಮಕ್ಕಳಿಗೂ ಕಲಿಸುತ್ತಾರೆ. ಅವರಿಗೆ ಸಂಭಾವನೆ ಕೊಡುತ್ತೇವೆ. ಕುಣಿಯದ ಸಿದ್ದಿ ಮಗುವನ್ನು ಯಾರೂ ಎಳೆಯುವುದಿಲ್ಲ.

ಸ್ಟಾಫ್ ರೂಮಿನದು ನಿಧಾನದ ಕೆಲಸ. ಮೊದಮೊದಲು ಭಾಷಣ ಮಾಡುತ್ತಿದ್ದೆ, ಮಾಸ್ತರರು ಎದ್ದು ಹೋಗುತ್ತಿದ್ದರು. ಈಗ ಅವರು ಅಂದದ್ದನ್ನೇ ಅವರಿಗೆ ಮೆತ್ತಗೆ ಓದಿ ಹೇಳಿ, ‘ಯಾಕೆ ಹಾಗನ್ನಿಸ್ತು ಸರ್?’ ಅಂತ ಕೇಳುತ್ತೇನೆ. ‘ಇವನಿಗೆ ಲೆಕ್ಕ ಬರಲ್ಲ’ ಅಂದ ಸಹೋದ್ಯೋಗಿಯೊಬ್ಬರ ಹತ್ತಿರ ಅದೇ ಹುಡುಗನ ಭಾಗಾಕಾರದ ಪುಸ್ತಕ ತೆಗೆದುಕೊಂಡು ಹೋದೆ. ಅವರು ಒಪ್ಪಲಿಲ್ಲ. ಆದರೆ ಆ ಮಾತನ್ನು ನನ್ನೆದುರು ಮತ್ತೆ ಆಡಿಲ್ಲ. ಮಕ್ಕಳ ಎದುರೂ ಆಡದಿರಲಿ ಅನ್ನುವುದು ನನ್ನ ಆಸೆ.

ಹೊರಗಿನದು ಇನ್ನೂ ಬೇರೆ. ಒಮ್ಮೆ ಹುಬ್ಬಳ್ಳಿ ಬಸ್ಸಿನಲ್ಲಿ ನಮ್ಮೂರ ಸಿದ್ದಿ ಹುಡುಗನಿಗೆ ಯಾರೋ ‘ಯಾವ ದೇಶ? ಪಾಸ್‌ಪೋರ್ಟ್ ಇದೆಯಾ?’ ಅಂದರು. ಅವನು ಕನ್ನಡದಲ್ಲೇ ಉತ್ತರ ಕೊಟ್ಟದ್ದಕ್ಕೆ ಸುತ್ತಲಿನವರು ನಕ್ಕರು, ಒಬ್ಬರು ಮೊಬೈಲ್ ತೆಗೆದರು. ನಾನು ಎದ್ದು ಹೋಗಿ ಅವನ ಪಕ್ಕ ಕೂತು, ‘ಎಲ್ಲಿಗಪ್ಪಾ ಹೊರಟಿದ್ದು, ಅಮ್ಮ ಹೇಗಿದ್ದಾರೆ?’ ಅಂತ ಮಾತು ತೆಗೆದೆ. ನಗು ನಿಂತಿತು. ಕೇಳಿದವರ ಜೊತೆ ಜಗಳಕ್ಕೆ ಹೋಗಬೇಕಾ ಅಂತ ಮೆಲ್ಲಗೆ ಅವನನ್ನೇ ಕೇಳಿದೆ, ಬೇಡ ಅಂದ. ಅವನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದವನು. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತ್ತಲ್ಲ, ತನಗೆ ಸಂಬಂಧವೇ ಇಲ್ಲದ ಅಪಘಾತಕ್ಕಾಗಿ. ಆ ವಾರವೆಲ್ಲ ರೂಮಿನಿಂದ ಹೊರಗೆ ಬರಲಿಲ್ಲ ಅಂತ ಹೇಳಿದ. ಆಧಾರ್ ಕಾರ್ಡನ್ನು ಅಂಗಿಯ ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ, ಇವತ್ತಿಗೂ. ನಾನು ತುಮಕೂರಿನವಳು ಅಂತ ತೋರಿಸಲು ನನಗೆ ಒಂದು ದಿನವೂ ಯಾವ ಕಾರ್ಡೂ ಬೇಕಾಗಿಲ್ಲ.

ಆ ಹುಡುಗಿ ಈಗ ಏಳನೇ ತರಗತಿ. ಬರುವ ಜೂನ್‌ನಲ್ಲಿ ಪೇಟೆಯ ಹಾಸ್ಟೆಲ್ ಸೇರುತ್ತಾಳೆ. ಅದಕ್ಕೆ ಮೊದಲೇ ವಾರ್ಡನ್ ಮತ್ತು ಹೊಸ ಶಾಲೆಯ ಟೀಚರ ಹತ್ತಿರ ಹೋಗಿ ಮಾತಾಡಬೇಕು ಅಂತಿದ್ದೇನೆ. ಈ ಸಲ ಅವಳನ್ನು ಮೊದಲು ಕೇಳಿದೆ. ‘ನೀವೊಬ್ಬರೇ ಹೋಗಿ, ನಾ ಬರಲ್ಲ. ನನ್ನ ಹೆಸರು ಹೇಳಬೇಡಿ, ಎಲ್ಲರ ಬಗ್ಗೆ ಹೇಳಿ’ ಅಂದಳು. ಹಾಗೇ ಮಾಡುತ್ತೇನೆ. ಅಜ್ಜಿ ಅವಳು ಒಯ್ಯಲು ಹೊಸ ಕೌದಿ ಶುರುಮಾಡಿದ್ದಾರೆ. ಅಡಿಗೆ ಹಾಕಲು ಸೀರೆ ಸಾಲದು ಅಂತ ನನ್ನ ಹತ್ತಿರ ಹಳೆಯದು ಕೇಳಿದ್ದಾರೆ, ಎರಡು ತೆಗೆದಿಟ್ಟಿದ್ದೇನೆ.