ಹದಿಮೂರು ಕ್ಷೇತ್ರಗಳ ರಾಜ್ಯದಲ್ಲಿ ನನ್ನದೊಂದು ಮೇಜು

ಲೆಕ್ಕ ತಾಳೆಯಾಗದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಸಣ್ಣ ಅಂಗಡಿಗಳ, ಗ್ಯಾರೇಜುಗಳ ಜಮಾ ಖರ್ಚು ಬರೆದು ಬದುಕಿದವಳು ನಾನು. ಮಿಷಿಗನ್‌ನಲ್ಲಿ ಮತಗಟ್ಟೆಯ ಕೆಲಸಕ್ಕೆ ಸೇರಿದ್ದೂ ಈ ಚಟದಿಂದಲೇ ಹೊರತು ಪ್ರಜಾಪ್ರಭುತ್ವವನ್ನು ಉದ್ಧಾರ ಮಾಡುವ ಆವೇಶದಿಂದಲ್ಲ. 2022ರ ವಸಂತದಲ್ಲಿ ನಮ್ಮೂರಿನ ಗ್ರಂಥಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಚುನಾವಣಾ ಇನ್‌ಸ್ಪೆಕ್ಟರುಗಳು ಬೇಕಾಗಿದ್ದಾರೆ, ಆಸಕ್ತರು ಕ್ಲರ್ಕ್ ಅವರನ್ನು ಕಾಣಬೇಕು ಎಂದು. ಇಲ್ಲಿ ಕ್ಲರ್ಕ್ ಎಂದರೆ ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರಲ್ಲ. ಊರಿನ ಚುನಾವಣೆಯ ಸಂಪೂರ್ಣ ಹೊಣೆ ಹೊತ್ತವರು. ಇಡೀ ದೇಶದ ಚುನಾವಣೆ ನಡೆಸುವ ಒಂದು ಆಯೋಗ ಅಮೆರಿಕದಲ್ಲಿಲ್ಲ. ಮಿಷಿಗನ್‌ನಲ್ಲಂತೂ ಆ ಕೆಲಸ ನಗರ, ಟೌನ್‌ಶಿಪ್‌ಗಳ ಮಟ್ಟಕ್ಕೆ ಇಳಿದಿದೆ.

ನಮ್ಮ ಅಪ್ಪ ಗೋಕಾಕ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ಚುನಾವಣೆ ಬಂದರೆ ಅವರಿಗೆ ಡ್ಯೂಟಿ ತಪ್ಪಿದ್ದಲ್ಲ. ತಗಡಿನ ಮತಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಹೋಗುತ್ತಿದ್ದರು, ಮರುದಿನ ಬೆರಳಿಗೆಲ್ಲ ಶಾಯಿ ಮೆತ್ತಿಕೊಂಡು ಬರುತ್ತಿದ್ದರು. ತಾವು ಯಾರಿಗೆ ಮತ ಹಾಕಿದೆವೆಂದು ಅವ್ವನಿಗೂ ಹೇಳಿದವರಲ್ಲ. ಅಂಥವರ ಮಗಳಾದ ನಾನು ಇಲ್ಲಿನ ಅರ್ಜಿಯ ಮೊದಲ ಪುಟದಲ್ಲಿಯೇ ತಡವರಿಸಿ ನಿಂತೆ. ನೀವು ಯಾವ ಪಕ್ಷದವರು ಎಂದು ಅದರಲ್ಲಿ ಗುರುತು ಹಾಕಬೇಕಿತ್ತು. ಪ್ರತಿ ಮತಗಟ್ಟೆಯಲ್ಲಿಯೂ ಎರಡೂ ದೊಡ್ಡ ಪಕ್ಷಗಳವರು ಇರಬೇಕೆಂಬುದು ಕಾನೂನು. ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ ಎಂದು. ನಿಷ್ಪಕ್ಷಪಾತಿಗಳನ್ನು ಹುಡುಕುವ ಬದಲು ಪಕ್ಷಪಾತಿಗಳನ್ನೇ ಎದುರುಬದುರು ಕೂರಿಸುವ ಈ ಉಪಾಯ ಮೊದಲು ನಗೆ ತರಿಸಿತು. ಈಗ ಅದೇ ಸರಿ ಅನ್ನಿಸುತ್ತದೆ. ನಾನು ಯಾವ ಚೌಕಕ್ಕೆ ಗುರುತು ಹಾಕಿದೆ ಎಂಬುದನ್ನು ಅಪ್ಪನ ಹಾಗೆ ನಾನೂ ಹೇಳುವುದಿಲ್ಲ.

ನಮ್ಮೂರು ಮ್ಯಾಕೊಂಬ್ ಕೌಂಟಿಯಲ್ಲಿದೆ. ಎಂಟು ಮೈಲಿ ರಸ್ತೆ ಎಂಬ ಹೆಸರಿನದೇ ಒಂದು ರಸ್ತೆ ಇದೆ. ಅದರ ದಕ್ಷಿಣಕ್ಕೆ ಡೆಟ್ರಾಯಿಟ್, ಉತ್ತರಕ್ಕೆ ನಾವು. ಕಾರು ಕಾರ್ಖಾನೆಗಳ ಕಾರ್ಮಿಕರ ಸೀಮೆ. ರಿಪಬ್ಲಿಕನ್ ಅಧ್ಯಕ್ಷ ರೇಗನ್ ಕಾಲದಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಜಾರಿಹೋದ ಕಾರ್ಮಿಕರ ಬಗ್ಗೆ ಮಾತು ಬಂದಾಗಲೆಲ್ಲ ಪಂಡಿತರು ನಮ್ಮ ಕೌಂಟಿಯ ಹೆಸರನ್ನೇ ಎತ್ತುತ್ತಾರೆ.

ಕೆಲಸಕ್ಕೆ ಸೇರುವ ಮೊದಲಿನ ವರ್ಷವೇ ನನಗೆ ಕ್ಷೇತ್ರಗಳ ನಕ್ಷೆಯ ಹುಚ್ಚು ಹತ್ತಿತ್ತು. 2020ರ ಜನಗಣತಿಯಲ್ಲಿ ಮಿಷಿಗನ್ ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಒಂದು ಸ್ಥಾನ ಕಳೆದುಕೊಂಡು 14ರಿಂದ 13ಕ್ಕೆ ಇಳಿಯಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ 19 ಇದ್ದವು. ಮೊದಲೆಲ್ಲ ಗೆರೆ ಎಳೆಯುತ್ತಿದ್ದವರು ರಾಜ್ಯದ ಶಾಸಕರೇ, ಅಂದರೆ ಕುರಿ ಹಂಚುವ ಕೆಲಸ ತೋಳನಿಗೆ. ಅದರ ಫಲ 2012ರಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತ್ತು. ಇಡೀ ರಾಜ್ಯದಲ್ಲಿ ಪ್ರತಿನಿಧಿ ಸಭೆಗೆ ಬಿದ್ದ ಮತಗಳನ್ನು ಕೂಡಿಸಿದರೆ ಡೆಮಾಕ್ರಟರದೇ ಹೆಚ್ಚು, ಆದರೆ 14ರಲ್ಲಿ ಅವರಿಗೆ ದಕ್ಕಿದ್ದು 5, ರಿಪಬ್ಲಿಕನ್ನರಿಗೆ 9. ಗೆರೆ ಎಳೆದವರು ರಿಪಬ್ಲಿಕನ್ನರು ಎಂದು ಬೇರೆ ಹೇಳಬೇಕಿಲ್ಲ. 2018ರಲ್ಲಿ ಜನರೇ ಮತ ಹಾಕಿ ಸಂವಿಧಾನ ತಿದ್ದಿ, ಆ ಅಧಿಕಾರವನ್ನು ಹದಿಮೂರು ಜನ ಸಾಮಾನ್ಯರ ಆಯೋಗಕ್ಕೆ ಕೊಟ್ಟರು. ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಎರಡಕ್ಕೂ ಸೇರದ ಐವರು. ಅರ್ಜಿ ಹಾಕಿದ ಸಾವಿರಾರು ಜನರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದವರು.

2021ರಲ್ಲಿ ಅವರ ಸಭೆಗಳನ್ನು ನಾನು ಧಾರಾವಾಹಿಯಂತೆ ನೋಡಿದೆ. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲರೆದುರೇ ಗೆರೆ ಎಳೆಯುತ್ತಿದ್ದರು. ಒಂದು ಬೀದಿಯನ್ನು ಈಚೆಗೆ ಎಳೆದರೆ ಮೂಲೆಯಲ್ಲಿ ಜನಸಂಖ್ಯೆಯ ಅಂಕಿ ಕುಣಿಯುತ್ತಿತ್ತು. ಒಂದು ಕೋಟಿ ಚಿಲ್ಲರೆ ಜನರನ್ನು 13ರಿಂದ ಭಾಗಿಸಿದರೆ ಕ್ಷೇತ್ರವೊಂದಕ್ಕೆ 7,75,179. ಅಷ್ಟಕ್ಕೆ ತಂದು ನಿಲ್ಲಿಸಲು ಒಂದು ಬಡಾವಣೆಯನ್ನು ಕಿತ್ತು ಇಲ್ಲಿಗೆ ಹಾಕುವುದು, ಇನ್ನೊಂದನ್ನು ಅಲ್ಲಿಗೆ ಕೊಡುವುದು. ನಕ್ಷೆಗಳಿಗೆ ಮರಗಳ ಹೆಸರು ಇಟ್ಟಿದ್ದರು. ಡಿಸೆಂಬರ್ 28ರಂದು ಗೆದ್ದ ಕಾಂಗ್ರೆಸ್ ನಕ್ಷೆಯ ಹೆಸರು ಚೆಸ್ಟ್‌ನಟ್. ಅದರಲ್ಲಿ ನಾವು 10ನೇ ಕ್ಷೇತ್ರಕ್ಕೆ ಬಿದ್ದೆವು: ಮ್ಯಾಕೊಂಬ್ ಕೌಂಟಿಯ ದಕ್ಷಿಣ ಭಾಗ, ಜೊತೆಗೆ ಪಕ್ಕದ ಓಕ್‌ಲ್ಯಾಂಡ್ ಕೌಂಟಿಯ ರೋಚೆಸ್ಟರ್ ಕಡೆಯ ತುಣುಕು. ಯಾವ ಪಕ್ಷಕ್ಕೂ ಕಟ್ಟಿಟ್ಟ ಬುತ್ತಿಯಲ್ಲದ ಕ್ಷೇತ್ರ.

ಆಗಸ್ಟ್ ಪ್ರಾಥಮಿಕ ಚುನಾವಣೆ, ಅಂದರೆ ಪಕ್ಷಗಳ ಅಭ್ಯರ್ಥಿಗಳನ್ನು ಮತದಾರರೇ ಆರಿಸುವ ಚುನಾವಣೆ, ನನ್ನ ಮೊದಲ ಡ್ಯೂಟಿ. ಮಿಷಿಗನ್‌ನಲ್ಲಿ ಮತದಾರರು ಯಾವ ಪಕ್ಷಕ್ಕೂ ಹೆಸರು ಬರೆಸಿಕೊಂಡಿರುವುದಿಲ್ಲ. ಒಂದೇ ಮತಪತ್ರದಲ್ಲಿ ಎರಡೂ ಪಕ್ಷಗಳ ಅಂಕಣಗಳು ಅಕ್ಕಪಕ್ಕ ಇರುತ್ತವೆ. ಯಾವುದಾದರೂ ಒಂದರಲ್ಲಿ ಮಾತ್ರ ಗುರುತು ಮಾಡಬೇಕು. ಎರಡಕ್ಕೂ ಕೈ ಹಾಕಿದರೆ ಪಕ್ಷಗಳ ಭಾಗವೆಲ್ಲ ವ್ಯರ್ಥ. ಇದನ್ನು ನಾನು ಆ ದಿನ ಇನ್ನೂರು ಸಲವಾದರೂ ಹೇಳಿರಬೇಕು. ಆದರೂ ಒಬ್ಬ ಅಜ್ಜ, ಕಾರ್ಮಿಕ ಸಂಘದ ಟೋಪಿ ಹಾಕಿಕೊಂಡವನು, ಎರಡೂ ಕಡೆ ಅಂಡಾಕಾರಗಳನ್ನು ತುಂಬಿ ತಂದ. ಯಂತ್ರ ಕೀಚಲು ದನಿ ಮಾಡಿ ಮತಪತ್ರವನ್ನು ಹಿಂದಕ್ಕೆ ತಳ್ಳಿತು. "ನಾನು ಪಕ್ಷ ನೋಡುವುದಿಲ್ಲ, ಮನುಷ್ಯನನ್ನು ನೋಡುತ್ತೇನೆ" ಎಂದು ಅವನ ವಾದ. ಪ್ರಾಥಮಿಕ ಚುನಾವಣೆಯಲ್ಲಿ ಪಕ್ಷ ನೋಡಲೇಬೇಕು ಎಂದು ಅವನಿಗೆ ತಿಳಿಸಿ ಹೇಳಿ, ಕೆಟ್ಟ ಮತಪತ್ರವನ್ನು ಲಕೋಟೆಗೆ ಹಾಕಿ, ಹೊಸ ಸಂಖ್ಯೆಯದನ್ನು ಕೊಟ್ಟೆವು. ನನಗೆ ಅವನ ಮಾತೇ ಸರಿ ಅನ್ನಿಸುತ್ತಿತ್ತು, ಬಾಯಿ ಬಿಡಲಿಲ್ಲ.

ಅದೇ ದಿನ ರಾಜ್ಯದ ಇನ್ನೊಂದು ಮಗ್ಗುಲಿನ 3ನೇ ಕ್ಷೇತ್ರದಲ್ಲಿ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಊರಾದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ, ಟ್ರಂಪ್ ವಿರುದ್ಧದ ಮಹಾಭಿಯೋಗಕ್ಕೆ ಮತ ಹಾಕಿದ್ದ ರಿಪಬ್ಲಿಕನ್ ಪೀಟರ್ ಮೇಯರ್ ತಮ್ಮ ಪಕ್ಷದೊಳಗೇ ಸೋತರು. ಅವರನ್ನು ಸೋಲಿಸಿದ ಜಾನ್ ಗಿಬ್ಸ್ ನವೆಂಬರಿನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಸ್ಕಾಲ್ಟನ್ ಅವರಿಗೆ ಸೋತರು. ಇತ್ತ ಡೆಟ್ರಾಯಿಟ್ ಕಡೆಯ 13ನೇ ಕ್ಷೇತ್ರದ ಡೆಮಾಕ್ರಟಿಕ್ ಅಂಕಣದಲ್ಲಿ ಒಂಬತ್ತು ಹೆಸರುಗಳಿದ್ದವು. ಮತಗಳು ಹರಿದು ಹಂಚಿಹೋಗಿ, ಶೇಕಡಾ 28ರಷ್ಟು ಪಡೆದ ಶ್ರೀ ಥಾನೇದಾರ್ ಗೆದ್ದರು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು.

ನವೆಂಬರ್ 8ರ ಬೆಳಗಿನ ಜಾವ ಕಾರು ಹೊರಗೆ ತೆಗೆದಾಗ ಚಂದ್ರ ಕೆಂಪಗಿದ್ದ. ಖಗ್ರಾಸ ಗ್ರಹಣ. ಹಿಂದಿನ ದಿನವೇ ಚಿಕ್ಕೋಡಿಯಿಂದ ಮೌಶಿ ಫೋನು ಮಾಡಿ, ಗ್ರಹಣ ಬಿಡುವವರೆಗೆ ಬಾಯಿಗೆ ಏನೂ ಹಾಕಬೇಡ ಎಂದು ತಾಕೀತು ಮಾಡಿದ್ದಳು. ಹದಿನಾರು ಗಂಟೆಯ ಕೆಲಸ ಮೌಶಿ, ಎಂದರೆ ಕೇಳುವವಳಲ್ಲ. ಕಾರಿನಲ್ಲಿ ಒಂದು ಬಾಳೆಹಣ್ಣು ತಿಂದೆ. ರಾತ್ರಿ ಲೆಕ್ಕ ತಪ್ಪಿದಾಗ ಮೊದಲು ನೆನಪಾದದ್ದು ಆ ಬಾಳೆಹಣ್ಣೇ ಎಂದರೆ ನೀವು ನಗಬಾರದು.

ನಮ್ಮದು ಶಾಲೆಯೊಂದರ ವ್ಯಾಯಾಮದ ಹಾಲ್. ಆರು ಗಂಟೆಗೆ ಪ್ರಮಾಣವಚನ, ಆಮೇಲೆ ಎಣಿಕೆ ಯಂತ್ರದಿಂದ ಸೊನ್ನೆಯ ಪಟ್ಟಿ. ಪ್ರತಿ ಅಭ್ಯರ್ಥಿಯ ಮುಂದೆಯೂ ಸೊನ್ನೆ ಇದೆಯೆಂದು ತೋರಿಸುವ ಉದ್ದನೆಯ ಕಾಗದದ ಸುರುಳಿ, ಕಿರಾಣಿ ಅಂಗಡಿಯ ಬಿಲ್ಲಿನಂಥದ್ದು. ಅದಕ್ಕೆ ಎಲ್ಲರ ಸಹಿ. ಏಳಕ್ಕೆ ಬಾಗಿಲು ತೆರೆದರೆ ಮುಚ್ಚುವುದು ರಾತ್ರಿ ಎಂಟಕ್ಕೆ. ಮತದಾರ ಬಂದು ಅರ್ಜಿ ತುಂಬಿ ಗುರುತಿನ ಚೀಟಿ ತೋರಿಸುತ್ತಾನೆ. ಲ್ಯಾಪ್‌ಟಾಪಿನಲ್ಲಿರುವ ಮತದಾರರ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಮತಪತ್ರದ ಸಂಖ್ಯೆ ಏರುತ್ತದೆ. ಮತಪತ್ರವನ್ನು ಯಾರೂ ಇಣುಕದಂತೆ ಒಂದು ರಟ್ಟಿನ ಚೀಲದಲ್ಲಿಟ್ಟು ಕೊಡುತ್ತೇವೆ. ಅವನು ಪೆನ್ನಿನಿಂದ ಗುರುತು ತುಂಬಿಕೊಂಡು ಬಂದಾಗ, ಯಂತ್ರದ ಪಕ್ಕ ನಿಂತವರು ಅಂಚಿನ ತುಂಡಿನ ಮೇಲಿನ ಸಂಖ್ಯೆಯನ್ನು ಅರ್ಜಿಯ ಸಂಖ್ಯೆಯೊಂದಿಗೆ ತಾಳೆ ನೋಡಿ, ಆ ತುಂಡನ್ನು ಹರಿದುಕೊಳ್ಳುತ್ತಾರೆ. ಆಮೇಲೆ ಮತಪತ್ರಕ್ಕೂ ಆ ಮನುಷ್ಯನಿಗೂ ಸಂಬಂಧವಿಲ್ಲ. ಅದನ್ನು ಅವನೇ ಯಂತ್ರದ ಬಾಯಿಗೆ ಕೊಡುತ್ತಾನೆ, ಚೀಲವನ್ನು ಬುಟ್ಟಿಗೆ ಹಾಕಿ ಹೋಗುತ್ತಾನೆ.

ರಾತ್ರಿ ಎಂಟೂಕಾಲು. ಪುಸ್ತಕದಲ್ಲಿ 641 ಜನ. ಯಂತ್ರದಲ್ಲಿ 640 ಮತಪತ್ರ.

ಇದನ್ನು ಓದುವವರಿಗೆ ಒಂದರ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಆಗಿನ ಕಾನೂನಿನಲ್ಲಿ, ವಿವರಣೆಯಿಲ್ಲದೆ ತಾಳೆ ತಪ್ಪಿದ ಮತಗಟ್ಟೆಯ ಮತಗಳನ್ನು ಮರುಎಣಿಕೆಗೆ ಮುಟ್ಟುವ ಹಾಗಿರಲಿಲ್ಲ. 2016ರ ಅಧ್ಯಕ್ಷೀಯ ಮರುಎಣಿಕೆಯ ಸಮಯದಲ್ಲಿ ಡೆಟ್ರಾಯಿಟಿನ ಎಷ್ಟೋ ಮತಗಟ್ಟೆಗಳ ಮೇಲೆ ಇದೇ ಕಾರಣಕ್ಕೆ ತಕರಾರು ಎದ್ದಿತ್ತು. ತರಬೇತಿಯಲ್ಲಿ ನಮಗೆ ಕಿವಿ ಹಿಂಡಿ ಹೇಳಿದ್ದ ವಿಷಯ ಇದು.

ಹುಡುಕಾಟ ಶುರುವಾಯಿತು. ಅರ್ಜಿಗಳನ್ನು ಎಣಿಸಿದೆವು: 641. ಹರಿದ ಅಂಚಿನ ತುಂಡುಗಳು: 640. ಅಂದರೆ ಯಾರೋ ಒಬ್ಬರು ಮತಪತ್ರ ತೆಗೆದುಕೊಂಡಿದ್ದಾರೆ, ಯಂತ್ರದವರೆಗೆ ಬಂದಿಲ್ಲ. ಕೆಟ್ಟ ಮತಪತ್ರಗಳ ಲಕೋಟೆ ತೆರೆದು ನೋಡಿದೆವು, ಅಲ್ಲಿಲ್ಲ. ಮತ ಗುರುತಿಸುವ ಗೂಡುಗಳ ಕೆಳಗೆ, ಕಸದ ಬುಟ್ಟಿಯಲ್ಲಿ, ಮಡಚಿಟ್ಟ ಕುರ್ಚಿಗಳ ಸಂದಿಯಲ್ಲಿ, ಎಲ್ಲಿಯೂ ಇಲ್ಲ. ನನ್ನ ಎದುರು ಪಕ್ಷದ ಜೊತೆಗಾರ್ತಿ, ಎಪ್ಪತ್ತರ ಹತ್ತಿರದ ನಿವೃತ್ತ ನರ್ಸ್, ಮೊಣಕಾಲು ನೋವಿದ್ದರೂ ನೆಲಕ್ಕೆ ಕೂತು ಹುಡುಕಿದಳು. ಬೆಳಗಿನಿಂದ ಟ್ರಂಪ್ ಬಗ್ಗೆ, ಗರ್ಭಪಾತದ ಹಕ್ಕಿನ ಬಗ್ಗೆ ನಾವಿಬ್ಬರೂ ಜಾಣತನದಿಂದ ಮಾತೆತ್ತಿರಲಿಲ್ಲ. ಅವಳ ಮೊಮ್ಮಗನ ಹಾಕಿ ಆಟ, ನನ್ನ ಚಟ್ನಿಪುಡಿ, ಇವೇ ವಿಷಯ.

ಕೊನೆಗೆ ಚೀಲಗಳ ಬುಟ್ಟಿ. ದಿನವಿಡೀ ಅವೇ ಚೀಲಗಳು ಕೈಯಿಂದ ಕೈಗೆ ಸುತ್ತುತ್ತಿರುತ್ತವೆ. ಒಂದೊಂದನ್ನೇ ಎತ್ತಿ ಕೊಡವುತ್ತ ಹೋದೆ. ತಳದಿಂದ ಮೂರನೆಯದೋ ನಾಲ್ಕನೆಯದೋ ಕೈಗೆ ಕೊಂಚ ಭಾರ ಎನ್ನಿಸಿತು. ಒಳಗೆ ಮತಪತ್ರ, ಅಂಚಿನ ತುಂಡು ಹಾಗೆಯೇ ಇದೆ. ಯಾರೋ ಆ ಬುಟ್ಟಿಯನ್ನೇ ಮತಪೆಟ್ಟಿಗೆ ಎಂದುಕೊಂಡು ಚೀಲದ ಸಮೇತ ಹಾಕಿ ಮನೆಗೆ ಹೋಗಿದ್ದಾರೆ.

ಈಗಲಾದರೂ ಯಂತ್ರಕ್ಕೆ ಹಾಕಬಹುದೇ ಎಂದು ಮೇಲಿನವರಿಗೆ ಫೋನು ಮಾಡಿ ಕೇಳಿದೆವು. ಕೂಡದು ಎಂದರು. ಮತದಾರ ತಾನೇ ಯಂತ್ರಕ್ಕೆ ಕೊಡದೆ ಬಿಟ್ಟುಹೋದ ಮತಪತ್ರವನ್ನು ನಾವು ಎತ್ತಿ ಹಾಕುವಂತಿಲ್ಲ. ತಿರಸ್ಕೃತ ಎಂದು ಬರೆದು ಲಕೋಟೆಗೆ ಹಾಕಿ, ಪುಸ್ತಕದಲ್ಲಿ ಕಾರಣ ದಾಖಲಿಸಬೇಕು. ಹಾಗೆಯೇ ಮಾಡಿದೆವು. ಎರಡೂ ಪಕ್ಷದವರ ಸಹಿ ಬಿತ್ತು. ಲೆಕ್ಕಕ್ಕೆ ವಿವರಣೆ ಸಿಕ್ಕಿತು, ಒಂದು ಮತ ಮಾತ್ರ ಹೋಯಿತು. ಅದು ಯಾರ ಕಡೆಗೆ ಇತ್ತೆಂದು ನಾನು ನೋಡಲಿಲ್ಲ. ನರ್ಸ್ ಕೂಡ ನೋಡಲಿಲ್ಲ, ಅವಳು ಮುಖ ತಿರುಗಿಸಿದ್ದನ್ನು ಕಂಡೆ. ಮತಪತ್ರಗಳನ್ನು ಪೆಟ್ಟಿಗೆಗೆ ತುಂಬಿ, ಸೀಲಿನ ಸಂಖ್ಯೆಯನ್ನು ಇಬ್ಬರೂ ಗಟ್ಟಿಯಾಗಿ ಓದಿ ಬರೆದುಕೊಂಡು ಹೊರಬಿದ್ದಾಗ ಹತ್ತು ದಾಟಿತ್ತು.

ಮನೆಯಲ್ಲಿ ಅನ್ನ ಮೊಸರು ಕಲಸಿಕೊಂಡು ಟಿವಿ ಮುಂದೆ ಕೂತೆ, ನೋಟ್‌ಬುಕ್ಕಿನಲ್ಲಿ ಹದಿಮೂರು ಗೆರೆ ಹಾಕಿಕೊಂಡು. ಕೆಲವು ಬೇಗನೆ ತುಂಬಿದವು. ಮ್ಯಾಕಿನ್ಯಾಕ್ ಸೇತುವೆಯ ಆಚೆಯ ಕಾಡುಸೀಮೆಯನ್ನೆಲ್ಲ ಹೊದ್ದುಕೊಂಡ 1ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಜ್ಯಾಕ್ ಬರ್ಗ್‌ಮನ್ ಗೆಲ್ಲುತ್ತಾರೆಂದು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ. ಅಲ್ಲಿನ ನಾಲ್ಕು ಕೌಂಟಿಗಳ ಗಡಿಯಾರ ನಮಗಿಂತ ಒಂದು ತಾಸು ಹಿಂದೆ. ಅಲ್ಲಿ ಮತದಾನ ಮುಗಿಯುವಾಗ ನಮ್ಮಲ್ಲಿ ಒಂಬತ್ತು. 7ನೇ ಕ್ಷೇತ್ರದಲ್ಲಿ ಡೆಮಾಕ್ರಟ್ ಎಲಿಸ್ಸಾ ಸ್ಲಾಟ್ಕಿನ್ ರಿಪಬ್ಲಿಕನ್ ಟಾಮ್ ಬ್ಯಾರೆಟ್ ವಿರುದ್ಧ ಉಳಿದುಕೊಂಡರು. ನಮ್ಮ 10ನೆಯ ಗೆರೆ ಮಾತ್ರ ಖಾಲಿಯೇ ಉಳಿಯಿತು. ಅದನ್ನು ಮರುದಿನ ತುಂಬಿದೆ: ರಿಪಬ್ಲಿಕನ್ ಜಾನ್ ಜೇಮ್ಸ್ ಅವರು ಡೆಮಾಕ್ರಟ್ ಕಾರ್ಲ್ ಮಾರ್ಲಿಂಗಾ ಅವರನ್ನು ಸೋಲಿಸಿದ್ದರು. ಮೂರು ಲಕ್ಷಕ್ಕೂ ಮೀರಿ ಬಿದ್ದ ಮತಗಳಲ್ಲಿ ಅಂತರ ಸುಮಾರು 1,600. ವರ್ಕಿಂಗ್ ಕ್ಲಾಸ್ ಪಾರ್ಟಿ ಎಂಬ ಪುಟ್ಟ ಪಕ್ಷದ ಅಭ್ಯರ್ಥಿಗೆ ಬಿದ್ದದ್ದೇ ಅದಕ್ಕಿಂತ ಹೆಚ್ಚು. ಒಟ್ಟು ಡೆಮಾಕ್ರಟರು 7, ರಿಪಬ್ಲಿಕನ್ನರು 6. ನಾನು ಪೆನ್ನು ಹಿಡಿದು 1,600 ಎಂಬ ಅಂಕಿಯನ್ನೇ ನೋಡುತ್ತ ಕೂತಿದ್ದೆ. ಆ ಚೀಲದೊಳಗಿನದು ಸೇರಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂಬುದು ಲೆಕ್ಕ ಬರೆಯುವವಳಿಗೆ ಗೊತ್ತಾಗದ ವಿಷಯವಲ್ಲ.

ಅಷ್ಟರಲ್ಲಿ ಮೌಶಿಯ ಫೋನು. "ಏನವ್ವಾ, ನಮ್ಮ ಚಿಕ್ಕೋಡಿಯವನೊಬ್ಬ ಅಲ್ಲಿ ಗೆದ್ದಿದ್ದಾನಂತೆ. ನೀನೂ ಓಟು ಹಾಕಿದೆಯಲ್ಲವೇ?"

"ಇಲ್ಲ ಮೌಶಿ, ಅವರದು ಬೇರೆ ಕ್ಷೇತ್ರ. ನಮ್ಮದು ಹತ್ತು, ಅವರದು ಹದಿಮೂರು."

"ಎಷ್ಟು ದೂರ?"

"ಎಂಟು ಮೈಲಿ ರಸ್ತೆ ದಾಟಿದರೆ ಆಯಿತು."

"ದಾಟಿ ಹೋಗಿ ಹಾಕಿ ಬರಬೇಕಿತ್ತು" ಎಂದಳು. ಅವಳಿಗೆ ಚೆಸ್ಟ್‌ನಟ್ ನಕ್ಷೆ ವಿವರಿಸಲು ಹೋಗಲಿಲ್ಲ. ಈ ಗೆಲುವಿಗೆ ಇನ್ನೊಂದು ಮಗ್ಗುಲೂ ಇತ್ತು. ಕಪ್ಪು ಜನರೇ ಹೆಚ್ಚಿರುವ ಡೆಟ್ರಾಯಿಟಿಗೆ 1955ರಿಂದ ಮೊದಲ ಬಾರಿಗೆ ಕಾಂಗ್ರೆಸ್ಸಿನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು. ನನ್ನ ಕಪ್ಪು ಗೆಳತಿಯೊಬ್ಬಳು ಅಂದು ಮಾತಿಗೆ ಸಿಕ್ಕಾಗ, ನಮ್ಮೂರಿನವರು ಎಂದು ಹಿಗ್ಗಲು ಬಾಯಿ ತೆರೆದವಳು ಸುಮ್ಮನಾದೆ.

2024ರಲ್ಲಿ ಮತ್ತೆ ಅದೇ ಹಾಲ್. ಈ ಬಾರಿ ಒಂಬತ್ತು ದಿನ ಮುಂಚಿತ ಮತದಾನವೂ ಇತ್ತಾದ್ದರಿಂದ ಚುನಾವಣೆಯ ದಿನದ ನೂಕುನುಗ್ಗಲು ಕಡಿಮೆ. ಮತ ಹಾಕಿದವರಿಗೆ ಕೊಡುವ ಅಂಟುಚೀಟಿಗೆ ರಾಜ್ಯದವರು ಸ್ಪರ್ಧೆ ಇಟ್ಟಿದ್ದರು. ಶಾಲೆಯ ಹುಡುಗಿಯೊಬ್ಬಳು ಬರೆದ, ಅಂಗಿ ಹರಿದುಕೊಂಡು ಊಳಿಡುವ ತೋಳಮಾನವನ ಚಿತ್ರಕ್ಕೆ ಮುಗಿಬಿದ್ದರು. ಒಬ್ಬರಿಗೆ ಒಂದೇ ಎಂದು ನಾನು, ಮೊಮ್ಮಗಳಿಗೆ ಇನ್ನೊಂದು ಕೊಡಿ ಎಂದು ಅವರು. ಟೋಪಿಯ ಅಜ್ಜ ಕೂಡ ಎರಡು ಕೇಳಿ ಪಡೆದ.

ಆ ಸಲ ನೋಟ್‌ಬುಕ್ಕಿನ ಒಂದೇ ಗೆರೆಯಲ್ಲಿ ಪಕ್ಷ ಬದಲಾಯಿತು. ಸ್ಲಾಟ್ಕಿನ್ ಮೇಲ್ಮನೆಯಾದ ಸೆನೆಟ್‌ಗೆ ಹೋಗಿ ಗೆದ್ದರು, ಅವರು ತೆರವು ಮಾಡಿದ 7ನೇ ಕ್ಷೇತ್ರವನ್ನು ಅದೇ ಬ್ಯಾರೆಟ್ ಹಿಡಿದರು. 7–6 ಈಗ ರಿಪಬ್ಲಿಕನ್ನರ ಕಡೆಗೆ. ನಮ್ಮಲ್ಲಿ ಮತ್ತೆ ಜೇಮ್ಸ್ ಮತ್ತು ಮಾರ್ಲಿಂಗಾ, ಈ ಸಲ ಜೇಮ್ಸ್ ನಿರಾಳವಾಗಿ ಗೆದ್ದರು.

ಬಾಗಿಲು ಮುಚ್ಚಿದ ಮೇಲೆ ಪುಸ್ತಕದ ಅಂಕಿ, ಯಂತ್ರದ ಅಂಕಿ ಮೊದಲ ಸಲಕ್ಕೇ ಕೂಡಿಬಂದವು. ನರ್ಸ್ ಕೋಟು ಹಾಕಿಕೊಂಡು ಕಾರಿನ ಕೀಲಿ ಹುಡುಕುತ್ತಿದ್ದಳು. ನಾನು ಬುಟ್ಟಿ ಎಳೆದುಕೊಂಡು ಕೂತು ಚೀಲಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಕೊಡವತೊಡಗಿದೆ. ಅವಳು ನನ್ನನ್ನು ನೋಡಿ ನಿಟ್ಟುಸಿರುಬಿಟ್ಟು, ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಅರ್ಧ ಚೀಲಗಳನ್ನು ತನ್ನ ಕಡೆಗೆ ಎಳೆದುಕೊಂಡಳು.