ಪೀಟ್ ಸ್ಯಾಂಡೋವಾಲ್ ಕೇಳಿ ಬ್ಲಾಸ್ಟ್ ಬೀಟ್ ಕಲಿಯೋದು ಹೇಗೆ: ಮೊದ್ಲು ಒಂದು ಕಾಲು, ಆಮೇಲೆ ಎರಡು

ಡೆತ್ ಮೆಟಲ್ ಅನ್ನೋ ಅಬ್ಬರದ ಮೆಟಲ್ ಸಂಗೀತದ ಡ್ರಮ್ಸ್ ಕಲಿಬೇಕು ಅಂತ ಹೊರಟವ್ರು ಮೊದ್ಲು ಮಾಡೋ ಕೆಲ್ಸ ಡಬಲ್ ಪೆಡಲ್, ಅಂದ್ರೆ ಬಾಸ್ ಡ್ರಮ್ಮನ್ನ ಎರಡೂ ಕಾಲಲ್ಲಿ ಬಾರಿಸೋ ಪೆಡಲ್ ತಗೊಳ್ಳೋದು. ನಾನೂ ಅದನ್ನೇ ಮಾಡಿದ್ದೆ. ಎರಡೂ ಕಾಲಲ್ಲಿ ದಬದಬ ತುಳ್ಕೊಂಡೇ ಒಂದು ವರ್ಷ ಕಳೀತು, ಬ್ಲಾಸ್ಟ್ ಬೀಟ್, ಅಂದ್ರೆ ಸ್ನೇರ್, ಬಾಸ್ ಡ್ರಮ್, ಸಿಂಬಲ್ ಮೇಲೆ ಮಳೆ ಥರ ಸುರಿಯೋ ಅತಿ ವೇಗದ ಬೀಟ್ ಮಾತ್ರ ಕೈಗೆ ಬರ್ಲಿಲ್ಲ. ಆಮೇಲೆ ಮಾರ್ಬಿಡ್ ಏಂಜಲ್ ಅನ್ನೋ ಡೆತ್ ಮೆಟಲ್ ಬ್ಯಾಂಡ್‌ನಲ್ಲಿ ಡ್ರಮ್ಮರ್ ಆಗಿದ್ದ ಪೀಟ್ ಸ್ಯಾಂಡೋವಾಲ್ ಅವ್ರು ಹೇಗೆ ಕಲಿತ್ರು ಅಂತ ಓದ್ದೆ, ಅವ್ರು ಕಲಿತ ಕ್ರಮದಲ್ಲೇ ಅವ್ರ ರೆಕಾರ್ಡಿಂಗ್ ಕೇಳ್ದೆ, ನಾನು ಉಲ್ಟಾ ದಾರೀಲಿ ಹೋಗ್ತಿದ್ದೀನಿ ಅಂತ ಆಗ ಗೊತ್ತಾಯ್ತು. ಈ ಬರಹ ಅದೇ ಕ್ರಮದಲ್ಲಿದೆ. ನಾಲ್ಕು ನಾಲ್ಕರ ಸಾದಾ ಬೀಟ್ ಬರೋವ್ರಿಗೆ ಇದು.

ಸ್ಯಾಂಡೋವಾಲ್ ಹುಟ್ಟಿದ್ದು 1964ರಲ್ಲಿ, ಎಲ್ ಸಾಲ್ವಡಾರ್ ದೇಶದಲ್ಲಿ. ಆಮೇಲೆ ಅಮೆರಿಕಕ್ಕೆ ಬಂದು ಲಾಸ್ ಏಂಜಲೀಸ್‌ನಲ್ಲಿ ಟೆರರೈಸರ್ ಅನ್ನೋ ಗ್ರೈಂಡ್‌ಕೋರ್ (ಪಂಕ್, ಮೆಟಲ್ ಬೆರೆತ ಅತಿ ವೇಗದ ಸಂಗೀತ) ಬ್ಯಾಂಡ್‌ನಲ್ಲಿ ಬಾರಿಸ್ತಿದ್ರು. ಯಾವ ಮೇಷ್ಟ್ರ ಹತ್ರಾನೂ ಕೂತು ಕಲಿತವ್ರಲ್ಲ, ಸ್ವಂತ ಕಲಿಕೆ. 1988ರಲ್ಲಿ ಫ್ಲೋರಿಡಾದ ಟ್ಯಾಂಪಾಗೆ ಹೋಗಿ ಮಾರ್ಬಿಡ್ ಏಂಜಲ್ ಸೇರಿದ್ರು. ಇಲ್ಲಿ ಒಂದು ವಿಷ್ಯ ಗಮನಿಸಿ, ಆ ಬ್ಯಾಂಡ್ ಸೇರೋವರೆಗೂ ಅವ್ರಿಗೆ ಡಬಲ್ ಬೇಸ್, ಅಂದ್ರೆ ಎರಡೂ ಕಾಲಲ್ಲಿ ಬಾಸ್ ಡ್ರಮ್ ಬಾರಿಸೋ ಅಭ್ಯಾಸ ಇರ್ಲಿಲ್ಲ. ಒಂದೇ ಕಾಲಲ್ಲಿ ಬ್ಲಾಸ್ಟ್ ಮಾಡೋದು ಮಾತ್ರ ಗೊತ್ತಿತ್ತು, ಅದೂ ಭಯಂಕರ ಸ್ಪೀಡಲ್ಲಿ. ಎರಡನೇ ಕಾಲನ್ನ ಕೆಲವೇ ತಿಂಗಳಲ್ಲಿ ಹಗಲೂ ರಾತ್ರಿ ಕೂತು ತಯಾರು ಮಾಡ್ಕೊಂಡ್ರು, 1989ರ ಮೇ ತಿಂಗಳಲ್ಲಿ ಬಂದ ಆಲ್ಟರ್ಸ್ ಆಫ್ ಮ್ಯಾಡ್‌ನೆಸ್ ಆಲ್ಬಮ್‌ನಲ್ಲಿ ಅದನ್ನ ಇಡೀ ಜಗತ್ತು ಕೇಳ್ತು.

ಈಗ ಕೆಲ್ಸಕ್ಕೆ ಬರೋಣ. ಮೊದ್ಲು ಹಾಕ್ಬೇಕಾದ್ದು ಆಲ್ಟರ್ಸ್ ಅಲ್ಲ, ಟೆರರೈಸರ್‌ನ ವರ್ಲ್ಡ್ ಡೌನ್‌ಫಾಲ್. ಇದು ಹೊರಗೆ ಬಂದಿದ್ದು ಆಲ್ಟರ್ಸ್ ಆದ್ಮೇಲೆ, 1989ರ ಕೊನೇಲಿ, ಆದ್ರೆ ಹಾಡುಗಳು ಹಳೇ ಲಾಸ್ ಏಂಜಲೀಸ್ ದಿನಗಳವು. ಬ್ಯಾಂಡ್ ಆಗ್ಲೇ ಮುರಿದು ಹೋಗಿತ್ತು, ಹಾಡುಗಳು ಮಾಯ ಆಗ್ಬಾರ್ದು ಅಂತ ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೋದಲ್ಲಿ ಕೆಲವೇ ದಿನದಲ್ಲಿ ರೆಕಾರ್ಡ್ ಮಾಡಿದ್ರು. ಗಿಟಾರ್ ಜೆಸ್ಸಿ ಪಿಂಟಾಡೊ, ಬೇಸ್ ಗಿಟಾರ್ ಮಾರ್ಬಿಡ್ ಏಂಜಲ್‌ನ ಡೇವಿಡ್ ವಿನ್ಸೆಂಟ್. ಸೌಂಡ್ ಒಣಗಿದ ಹಾಗಿದೆ, ಒಂದೊಂದು ಏಟೂ ಬೇರೆ ಬೇರೆ ಕೇಳತ್ತೆ, ಕಲಿಯೋವ್ರಿಗೆ ಇದಕ್ಕಿಂತ ಇನ್ನೇನು ಬೇಕು. ಹೆಡ್‌ಫೋನ್ ಹಾಕ್ಕೊಂಡು ಮೊದಲ್ನೇ ಹಾಡು ಆಫ್ಟರ್ ವರ್ಲ್ಡ್ ಆಬ್ಲಿಟರೇಶನ್ ಕೇಳಿ. ಗಿಟಾರ್ ಕಡೆ ಗಮನ ಬೇಡ, ಸ್ನೇರ್ ಒಂದನ್ನೇ ಹಿಡೀರಿ. ಎರಡನೇ ಸಲ ಬಾಸ್ ಡ್ರಮ್ ಮಾತ್ರ. ಮೂರನೇ ಸಲ ಸಿಂಬಲ್. ಯೂಟ್ಯೂಬಲ್ಲಿ ಸ್ಪೀಡನ್ನ ಅರ್ಧಕ್ಕೆ ಇಳಿಸಿ ಇನ್ನೊಂದ್ಸಲ ಕೇಳಿ, ಮಳೆ ಥರ ಸುರೀತಿದ್ದ ಸದ್ದು ಆಗ ಹನಿ ಹನಿಯಾಗಿ ಕೇಳ್ಸತ್ತೆ. ನಡುನಡುವೆ ಡಬಲ್ ಬೇಸ್ ಬರತ್ತೆ, ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ.

ಕೇಳ್ಸೋದು ಇಷ್ಟೇ: ಬಲಗೈ ಸಿಂಬಲ್ ಮೇಲೆ, ಅದರ ಜೊತೆಗೇ ಬಲಗಾಲು ಬಾಸ್ ಡ್ರಮ್ ಮೇಲೆ, ಇವೆರಡರ ಸರಿಯಾಗಿ ಮಧ್ಯದಲ್ಲಿ ಎಡಗೈ ಸ್ನೇರ್ ಮೇಲೆ. ನಾನು ಇದನ್ನ ಬಾಯಲ್ಲಿ ಹೇಳ್ಕೊಳ್ಳೋದು ನಮ್ಮ ಮೃದಂಗದವ್ರ ಹಾಗೇ, ತ ಕ ಧಿ ಮಿ. ತ ಮತ್ತು ಧಿಗೆ ಬಲಗೈ ಬಲಗಾಲು ಒಟ್ಟಿಗೆ, ಕ ಮತ್ತು ಮಿಗೆ ಎಡಗೈ. ಒಂದು ಮೆಟ್ರೋನೋಮ್ ಕ್ಲಿಕ್‌ಗೆ ಒಂದು ಸಲ ತಕಧಿಮಿ ಪೂರ್ತಿ ಆಗ್ಬೇಕು. ಬಾಯಲ್ಲಿ ಸ್ಪಷ್ಟವಾಗಿ ಹೇಳೋಕೆ ಬರದೇ ಇದ್ದ ಸ್ಪೀಡಲ್ಲಿ ಕೈ ಹಾಕೋಕೆ ಹೋಗ್ಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ.

ಶುರು 80 ಬಿಪಿಎಂ, ಅಂದ್ರೆ ನಿಮಿಷಕ್ಕೆ 80 ಕ್ಲಿಕ್. ನಿಧಾನ ಅನ್ಸತ್ತೆ, ಅನ್ನಿಸ್ಲಿ. ಪ್ರಾಕ್ಟೀಸ್ ಪ್ಯಾಡ್ ಇಲ್ಲಾಂದ್ರೆ ದಿಂಬು ಸಾಕು, ಕಾಲಿಗೆ ಬರೀ ನೆಲ ಸಾಕು, ಪಕ್ಕದ ಮನೆಯವ್ರ ತಕರಾರೂ ಇರಲ್ಲ. ದಿಂಬಿನ ಮೇಲೆ ಕಡ್ಡಿ ತಾನಾಗೇ ಮೇಲೆ ಪುಟಿಯಲ್ಲ, ಪ್ರತಿ ಸಲ ಮಣಿಕಟ್ಟೇ ಎತ್ತಬೇಕು, ಅದರಿಂದ ಎಡಗೈಗೆ ಬಲ ಬರತ್ತೆ. ಆದ್ರೆ ದಿಂಬಿನ ಮೇಲೇ ಇದ್ಬಿಟ್ರೆ ಬೆರಳಿನ ಕೆಲ್ಸ ಕಲಿಯೋಕಾಗಲ್ಲ, ಸ್ಪೀಡ್ ಜಾಸ್ತಿ ಆದ ಹಾಗೆ ಏಟು ಮಣಿಕಟ್ಟಿಂದ ಬೆರಳಿಗೆ ಇಳೀಬೇಕು, ಹಾಗಾಗಿ ಅರ್ಧ ಹೊತ್ತು ದಿಂಬು ಅರ್ಧ ಹೊತ್ತು ಪ್ಯಾಡ್ ಇಟ್ಕೊಳ್ಳಿ. ಎರಡು ನಿಮಿಷ ನಿಲ್ಲಿಸ್ದೆ ಬಾರಿಸಿ ಭುಜ ಸಡಿಲವಾಗೇ ಇದ್ರೆ 5 ಬಿಪಿಎಂ ಏರಿಸಿ. ಭುಜ ಕಿವಿ ಹತ್ರ ಏರಿದ್ರೆ, ಹಲ್ಲು ಕಚ್ತಿದ್ರೆ, ಮತ್ತೆ ಕೆಳಗೆ ಬನ್ನಿ.

ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ, ಇದನ್ನ ಮಾತ್ರ ತಪ್ಪಿಸ್ಬೇಡಿ. ಬಾರಿಸೋವಾಗ ನನಗೆ ಎಲ್ಲ ಸರಿ ಇದೆ ಅನ್ಸ್ತಿತ್ತು. ಒಂದಿನ 140ರಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ತಕಧಿಮಿ ಇಲ್ವೇ ಇಲ್ಲ, ಜಟಕಾ ಕುದುರೆ ಓಡಿದ ಹಾಗೆ ಟಗಡ್ ಟಗಡ್ ಅಂತಿದೆ. ಯಾಕಂದ್ರೆ ಎಡಗೈ ತಡವಾಗಿ ಬಂದು ಮುಂದಿನ ಕಿಕ್‌ಗೆ (ಬಾಸ್ ಡ್ರಮ್ ಏಟಿಗೆ) ಅಂಟ್ಕೊಳ್ತಿತ್ತು. ಅದು ಸರಿ ಹೋಗೋಕೆ ನಾನು 100ಕ್ಕೆ ವಾಪಸ್ ಬಂದು ಒಂದು ತಿಂಗಳು ಎಡಗೈಯಲ್ಲೇ ಶುರು ಮಾಡಿ ಬಾರಿಸ್ದೆ, ಅಂದ್ರೆ ಸ್ನೇರ್ ಮೊದ್ಲು, ಕಿಕ್ ಆಮೇಲೆ. ಆವಾಗ ಎಡಗೈ ಬಾಲ ಹಿಡ್ಕೊಂಡು ಬರೋದು ಬಿಟ್ಟು ತಾನೇ ಮುಂದೆ ನಡೆಸೋಕೆ ಶುರು ಮಾಡ್ತು.

ಲೆಕ್ಕ ಒಂದ್ಸಲ ನೋಡಿ. 200 ಬಿಪಿಎಂನಲ್ಲಿ ಒಂದು ಕ್ಲಿಕ್‌ಗೆ ಸ್ನೇರ್ ಎರಡು ಏಟು, ಅಂದ್ರೆ ನಿಮಿಷಕ್ಕೆ 400, ಸೆಕೆಂಡಿಗೆ ಆರೂವರೆಗಿಂತ ಸ್ವಲ್ಪ ಜಾಸ್ತಿ. ಒಂಟಿ ಬಲಗಾಲೂ ಅಷ್ಟೇ ಏಟು ಹೊಡೀಬೇಕು. ಈ ಸ್ಪೀಡಲ್ಲಿ ತೊಡೆ ಎತ್ತಿ ತುಳಿಯೋಕೆ ಹೋದ್ರೆ ಅರ್ಧ ನಿಮಿಷಕ್ಕೆ ಸೀದು ಹೋಗತ್ತೆ. ಹಿಮ್ಮಡಿ ಒಂಚೂರು ಮೇಲೆ, ತೊಡೆ ಸುಮ್ನೆ, ಕೆಲ್ಸ ಎಲ್ಲ ಪಾದದ ಗಂಟಿಂದ. ಪೆಡಲ್ ಸ್ಪ್ರಿಂಗ್ ತುಂಬ ಸಡಿಲ ಇದ್ರೆ ಡ್ರಮ್‌ಗೆ ಬಡಿಯೋ ಬೀಟರ್ ಬೇಗ ವಾಪಸ್ ಬರಲ್ಲ, ತುಂಬ ಬಿಗಿ ಇದ್ರೆ ಕಾಲು ಅದರ ಜೊತೆ ಗುದ್ದಾಡತ್ತೆ, ಕಾಲು ಪೆಡಲ್ ಮೇಲೆ ಸುಮ್ನೆ ಇಟ್ರೆ ಅದರ ಭಾರಕ್ಕೆ ಬೀಟರ್ ಚರ್ಮದ ಹತ್ರ ಹೋಗ್ಬೇಕು, ನಾನು ಸೆಟ್ ಮಾಡ್ಕೊಳ್ಳೋದು ಹಾಗೆ.

ಒಂದು ಕಾಲಲ್ಲಿ 160ರವರೆಗೆ ಬಂದ್ಮೇಲೆ ಆಲ್ಟರ್ಸ್ ಹಾಕಿ. ಇಮ್ಮಾರ್ಟಲ್ ರೈಟ್ಸ್ ಕೇಳಿ, ಮೇಜ್ ಆಫ್ ಟಾರ್ಮೆಂಟ್ ಕೇಳಿ. ಅದೇ ಬ್ಲಾಸ್ಟ್ ಇದೆ, ಆದ್ರೆ ಈಗ ಮಾರ್ಬಿಡ್ ಏಂಜಲ್‌ನ ಟ್ರೇ ಅಜಾಗ್ಥಾತ್‌ನ ಗಿಟಾರ್ ತಿರುವಿದ ಕಡೆಗೆಲ್ಲ ಡ್ರಮ್ಸೂ ತಿರುಗತ್ತೆ, ಬ್ಲಾಸ್ಟಿಂದ ಡಬಲ್ ಬೇಸ್‌ಗೆ, ಅಲ್ಲಿಂದ ಥ್ರಾಶ್ ಬೀಟ್‌ಗೆ, ಮತ್ತೆ ಬ್ಲಾಸ್ಟ್‌ಗೆ. ಕಷ್ಟ ಇರೋದು ಆ ದಾಟೋ ಜಾಗದಲ್ಲೇ. ಹಾಗಾಗಿ ಎಡಗಾಲಿನ ಅಭ್ಯಾಸ ಶುರು ಮಾಡೋವಾಗ ಬರೀ ಡಬಲ್ ಬೇಸ್ ಐದು ನಿಮಿಷ ತುಳಿಯೋದಕ್ಕಿಂತ ನಾಲ್ಕು ಬಾರ್ ಬ್ಲಾಸ್ಟ್, ನಾಲ್ಕು ಬಾರ್ ಡಬಲ್ ಬೇಸ್, ಹೀಗೆ ದಾಟ್ತಾ ಇರಿ. ದಿನದ ಮೊದ್ಲ ಹತ್ತು ನಿಮಿಷ ಎಡಗಾಲು ಒಂದರಲ್ಲೇ ಸಾದಾ ಬೀಟ್ ಬಾರಿಸಿ. ಬಲಗಾಲಿಗೆ ವರ್ಷಗಟ್ಟಲೆ ಸಿಕ್ಕಿರೋ ಅಭ್ಯಾಸ ಅದಕ್ಕೆ ಸಿಕ್ಕಿಲ್ಲ ಅಲ್ವಾ.

ಮುಂದೆ ಮಾರ್ಬಿಡ್ ಏಂಜಲ್‌ನ 1993ರ ಆಲ್ಬಮ್ ಕವನಂಟ್. ಇದಕ್ಕೆ ಪ್ರೊಡ್ಯೂಸರ್ ಆಗಿ ಮೆಟಾಲಿಕಾ ಜೊತೆ ಕೆಲ್ಸ ಮಾಡಿದ್ದ ಫ್ಲೆಮಿಂಗ್ ರಾಸ್ಮುಸೆನ್ ಇದ್ರು. ಮೊದಲ್ನೇ ಹಾಡು ರ್‍ಯಾಪ್ಚರ್ ಎಲ್ಲರೂ ಕೇಳ್ತಾರೆ, ನೀವು ಕೊನೇ ಹಾಡು ಗಾಡ್ ಆಫ್ ಎಂಪ್ಟಿನೆಸ್ ಬಾರಿಸಿ. ನಿಧಾನದ ಹಾಡು. ಏಟಿಗೂ ಏಟಿಗೂ ಮಧ್ಯೆ ಅಷ್ಟು ಜಾಗ ಇರೋವಾಗ ಸ್ನೇರ್ ಒಂದು ಕೂದಲೆಳೆ ಮುಂಚೆ ಬಂದ್ರೂ ಗೊತ್ತಾಗ್ಬಿಡತ್ತೆ. ಸ್ಯಾಂಡೋವಾಲ್ ಅಂದ್ರೆ ಬರೀ ಸ್ಪೀಡ್ ಅನ್ನೋವ್ರು ಈ ಹಾಡನ್ನ, ಡಾಮಿನೇಶನ್ ಆಲ್ಬಮ್‌ನ ವೇರ್ ದ ಸ್ಲೈಮ್ ಲಿವ್ ಹಾಡನ್ನ ಗಮನ ಕೊಟ್ಟು ಕೇಳಿಲ್ಲ ಅಂತ್ಲೇ ನನ್ನ ನಂಬಿಕೆ. 1998ರ ಫಾರ್ಮುಲಾಸ್ ಫೇಟಲ್ ಟು ದ ಫ್ಲೆಶ್ ಪೂರ್ತಿ ಬಿರುಗಾಳಿ, ಅದಾದ್ಮೇಲೆ 2000ದಲ್ಲಿ ಬಂದ ಗೇಟ್‌ವೇಸ್ ಟು ಆನ್ಹೈಲೇಶನ್‌ನಲ್ಲಿ ವೇಗ ಇಳಿಸಿ ಭಾರ ಹೆಚ್ಚಿಸಿದ್ದಾರೆ, ಕೈ ನಿಧಾನಕ್ಕೆ ನಡೀತಿರತ್ತೆ, ಕೆಳಗೆ ಎರಡು ಕಾಲು ಗುಡುಗ್ತಾ ಇರತ್ತೆ. ಇವೆರಡನ್ನ ಒಂದೇ ಕೂತಲ್ಲಿ ಕೇಳಿ.

ಇವ್ರನ್ನ ಕೇಳಿ ಬೆಳೆದವ್ರಲ್ಲಿ ನೈಲ್ ಬ್ಯಾಂಡ್‌ನ ಗ್ರೀಕ್ ಡ್ರಮ್ಮರ್ ಜಾರ್ಜ್ ಕೋಲಿಯಾಸ್ ಇದ್ದಾರೆ. ಅವ್ರ 2005ರ ಆನ್ಹೈಲೇಶನ್ ಆಫ್ ದ ವಿಕೆಡ್ ಕೇಳಿದ್ರೆ ಸ್ಯಾಂಡೋವಾಲ್ ಬಿಟ್ಟ ಜಾಗದಿಂದ ದಾರಿ ಹೇಗೆ ಮುಂದೆ ಹೋಗಿದೆ ಅಂತ ಗೊತ್ತಾಗತ್ತೆ. ಬ್ಲಾಸ್ಟ್ ಬೀಟ್ ಸ್ಯಾಂಡೋವಾಲ್ ಒಬ್ರೇ ಹುಟ್ಟಿಸಿದ್ದಲ್ಲ, ಆ ಹೆಸ್ರು ಚಾಲ್ತಿಗೆ ತಂದ ಹೆಗ್ಗಳಿಕೆ ನೇಪಾಮ್ ಡೆತ್ ಬ್ಯಾಂಡ್‌ನ ಡ್ರಮ್ಮರ್ ಆಗಿದ್ದ ಮಿಕ್ ಹ್ಯಾರಿಸ್‌ಗೆ ಸೇರಿದ್ದು. ಆದ್ರೆ ಅದನ್ನ ಡಬಲ್ ಬೇಸ್ ಜೊತೆ ಹೆಣೆದು ಡೆತ್ ಮೆಟಲ್‌ನ ದಿನನಿತ್ಯದ ಮಾತು ಮಾಡಿದ್ದು ಈ ಮನುಷ್ಯ.

ಇನ್ನೊಂದು ಮುಖ್ಯ ವಿಷ್ಯ, ಬೆನ್ನು. 2010ರಲ್ಲಿ ಸ್ಯಾಂಡೋವಾಲ್ ಅವ್ರಿಗೆ ಬೆನ್ನಿನ ಆಪರೇಶನ್ ಆಯ್ತು, 2011ರ ಮಾರ್ಬಿಡ್ ಏಂಜಲ್ ಆಲ್ಬಮ್‌ನಲ್ಲಿ ಅವ್ರ ಜಾಗದಲ್ಲಿ ಟಿಮ್ ಯಂಗ್ ಬಾರಿಸಿದ್ರು. ಮುಂದೆ ಸ್ಯಾಂಡೋವಾಲ್ ಕ್ರಿಶ್ಚಿಯನ್ ನಂಬಿಕೆಗೆ ತಿರುಗಿದ್ರು, ಮಾರ್ಬಿಡ್ ಏಂಜಲ್‌ಗೆ ವಾಪಸ್ ಬರ್ಲಿಲ್ಲ. ಆದ್ರೆ ಡ್ರಮ್ಸ್ ಬಿಡ್ಲಿಲ್ಲ, 2012ರಲ್ಲಿ, ಮತ್ತೆ 2018ರಲ್ಲಿ ಟೆರರೈಸರ್ ಆಲ್ಬಮ್ ಬಂತು, ಆಮೇಲೆ ಡೇವಿಡ್ ವಿನ್ಸೆಂಟ್‌ನ ಐ ಆಮ್ ಮಾರ್ಬಿಡ್ ಬ್ಯಾಂಡ್ ಜೊತೆ ಹಳೇ ಹಾಡುಗಳನ್ನ ಸ್ಟೇಜಲ್ಲಿ ಬಾರಿಸಿದ್ರು. ನೀವು ಸ್ಟೂಲ್ ಎತ್ತರ ಈಗ್ಲೇ ನೋಡ್ಕೊಳ್ಳಿ, ಮಂಡಿಗಿಂತ ಸೊಂಟ ಒಂದೆರಡು ಇಂಚು ಮೇಲಿರ್ಬೇಕು. ನಾನು ತೀರಾ ಕೆಳಗೆ ಕೂತು ಬಾರಿಸಿ ಆರು ತಿಂಗಳು ಸೊಂಟ ನೋವು ಅನುಭವಿಸಿದೀನಿ, ಸ್ಟೂಲ್ ಮೂರು ಇಂಚು ಎತ್ತರಿಸಿದ್ಮೇಲೆ ಕಡಿಮೆ ಆಯ್ತು. ನಲವತ್ತು ನಿಮಿಷಕ್ಕೊಂದ್ಸಲ ಎದ್ದು ನಡೀರಿ, ಕಿಟ್ ಮೇಲೆ ಬಾರಿಸೋವಾಗ ಕಿವಿಗೆ ಇಯರ್‌ಪ್ಲಗ್ ಹಾಕಿ.

ಇವತ್ತಿಗೆ ಒಂದು ದಿಂಬು, ಎರಡು ಕಡ್ಡಿ, 80 ಬಿಪಿಎಂ ಸಾಕು. ಫೋನ್ ರೆಕಾರ್ಡಿಂಗ್ ಆನ್ ಮಾಡಿ, ಎಡಗೈಯಿಂದ ಶುರು ಮಾಡಿ.