ಕಂಬ ಒಡೆದು ನರಸಿಂಹ ಬರಬೇಕು

ಪೌರಾಣಿಕ ನಾಟಕಗಳಿಗೆ ಯಾಂತ್ರಿಕ ಪರಿಕರ ಮಾಡಿಕೊಡುವುದು ನನ್ನ ಕಸುಬು. ತುಮಕೂರು, ಮಂಡ್ಯ, ಹಾಸನದ ಕಡೆ ಸುಗ್ಗಿ ಮುಗಿದ ಮೇಲೆ ಊರೂರಿನಲ್ಲಿ ನಾಟಕ ಕಟ್ಟುತ್ತಾರಲ್ಲ, ಅವರಿಗೆ ಸೀನರಿ, ಪೋಷಾಕು, ಕಿರೀಟ, ಗದೆ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಒಡೆಯುವ ಕಂಬ, ಬೆರಳ ಮೇಲೆ ತಿರುಗುವ ಚಕ್ರ, ಭೀಷ್ಮರು ಮಲಗುವ ಶರಶಯ್ಯೆ ಇವು ಬೇಕಾದಾಗ ನನ್ನ ಷೆಡ್ಡಿಗೆ ಬರುತ್ತಾರೆ. ಐಟಿಐಯಲ್ಲಿ ಫಿಟ್ಟರ್ ಕಲಿತವನು ನಾನು. ಹಗಲು ಗೇಟು, ಗ್ರಿಲ್ಲು ಕೆಲಸ. ಸಂಜೆಯಾದ ಮೇಲೆ ದೇವತೆಗಳದು, ದಾನವರದು.

ಟ್ರಿಕ್ ಸೀನ್ ಎಂದರೆ ಮೂಗು ಮುರಿಯುವವರು ಇದ್ದಾರೆ. ಅಭಿನಯ ಬಾರದವರ ಆಸರೆ ಅದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಜಿಲ್ಲೆಯ ಗುಬ್ಬಿಯಲ್ಲೇ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಅದನ್ನು ನಡೆಸಿದ ಗುಬ್ಬಿ ವೀರಣ್ಣನವರು 1934ರ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಅತ್ತ ಆಂಧ್ರ ಮೂಲದ ಸುರಭಿ ನಾಟಕ ಕುಟುಂಬದವರು ಇವತ್ತಿಗೂ ಘಟೋತ್ಕಚನ ಬಾಯಿಗೆ ಲಾಡು ತಾನಾಗಿ ಹಾರಿಹೋಗುವಂತೆ ಮಾಡುತ್ತಾರೆ. ನಮ್ಮ ಜನ ಬೆರಗಾಗಲೆಂದೇ ಕಂಬಳಿ ಹೊದ್ದುಕೊಂಡು ಬಂದು ಕೂರುವವರು. ಕಂಬದಿಂದ ನರಸಿಂಹ ಬರುವ ಕಥೆಯಲ್ಲಿ ಕಂಬ ಒಡೆಯದೆ ಪಕ್ಕದ ಪರದೆ ಸರಿಸಿಕೊಂಡು ಅವನು ಬಂದರೆ, ಪ್ರಹ್ಲಾದ ಅಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಹುಡುಗನ ಮಾತನ್ನು ನಿಜ ಮಾಡುವ ಹೊಣೆ ಆ ಕಂಬದ ಮೇಲಿದೆ.

ಹಾಗಾಗಿ ಕಂಬದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ನನ್ನ ಕಂಬ ಎಂಟು ಅಡಿ ಎತ್ತರ. ನರಸಿಂಹನ ಕೇಸರ, ಕಿರೀಟ ಸೇರಿ ಪಾತ್ರಧಾರಿಯ ಎತ್ತರ ಏಳು ಅಡಿ ಮುಟ್ಟುತ್ತದೆ. ಅದಕ್ಕಿಂತ ಕಡಿಮೆ ಮಾಡಿದರೆ ಅವನು ಒಳಗೆ ಬಗ್ಗಿ ನಿಲ್ಲಬೇಕು, ಬಗ್ಗಿ ನಿಂತವನು ಹೊರಗೆ ಬರುವಾಗ ಸಿಂಹದ ಹಾಗೆ ಬರಲಾರ. ಹಿಂಬದಿಯಲ್ಲಿ ಮುಕ್ಕಾಲು ಇಂಚಿನ ಚೌಕ ಪೈಪಿನ ಚೌಕಟ್ಟು. ಮುಂಭಾಗ ಬಾಗಿಲಿನ ಹಾಗೆ ಎರಡು ಹೋಳು. ಬಿದಿರಿನ ದಬ್ಬೆಯನ್ನು ಬಾಗಿಸಿ ಕಟ್ಟಿ, ಹಳೆಯ ಸೀರೆ, ಪತ್ರಿಕೆಯ ಹಾಳೆಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚುತ್ತೇನೆ. ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಲೇಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಹುಳ ಹಿಡಿಯುತ್ತದೆ. ಮೈಲುತುತ್ತ ವಿಷ, ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಪ್ಲೈವುಡ್‌ನಲ್ಲಿ ಮಾಡಿದರೆ ಬೇಗ ಆಗುತ್ತದೆ ನಿಜ, ಆದರೆ ಭಾರ ಇಮ್ಮಡಿಯಾಗುತ್ತದೆ. ಭಾರದ ಹೋಳು ನಿಧಾನ ತೆರೆಯುತ್ತದೆ, ಜೋರಾಗಿ ಬಡಿಯುತ್ತದೆ. ಎರಡೂ ಬೇಡ.

ಎರಡು ಹೋಳು ಕೂಡುವ ಗೆರೆ ನೇರವಾಗಿದ್ದರೆ ಮೊದಲ ಸಾಲಿನ ಮಗುವಿಗೂ ಅದು ಬಾಗಿಲೆಂದು ತಿಳಿಯುತ್ತದೆ. ಆದ್ದರಿಂದ ಅದನ್ನು ಕಲ್ಲು ಸೀಳಿದ ಹಾಗೆ ಅಂಕುಡೊಂಕಾಗಿ ಕತ್ತರಿಸುತ್ತೇನೆ. ಮೇಲೆ ಕೆತ್ತನೆಯ ಚಿತ್ರ ಬರೆಯುವಾಗ ಬಳ್ಳಿಯ ನೆರಳು ಆ ಗೆರೆಯ ಮೇಲೆಯೇ ಹಾಯುವಂತೆ ನೋಡಿಕೊಂಡರೆ ಹತ್ತು ಅಡಿ ದೂರದಿಂದ ಸಂದು ಕಾಣುವುದಿಲ್ಲ. ಒಂದು ಹೋಳಿನ ಒಳ ಅಂಚಿಗೆ ಎರಡು ಇಂಚಿನ ಕಪ್ಪು ಬಟ್ಟೆಯ ಪಟ್ಟಿ ಹೊಲಿದಿರುತ್ತೇನೆ. ಕಂಬದ ಒಳಗೆ ಕೆಂಪು ದೀಪ ಇರುತ್ತದೆ. ಪಟ್ಟಿ ಇಲ್ಲದಿದ್ದರೆ ಅದರ ಬೆಳಕು ಸಂದಿನಲ್ಲಿ ಸೋರಿ ಗುಟ್ಟು ಬಯಲಾಗುತ್ತದೆ.

ಈಗ ತೆರೆಯುವ ಬಗೆ. ಮೋಟಾರು ಹಾಕಿಕೊಡಿ ಎಂದು ಎಲ್ಲರೂ ಕೇಳುತ್ತಾರೆ. ನಾನು ಹಾಕುವುದಿಲ್ಲ. ಹಳ್ಳಿಯ ಜನರೇಟರ್ ಎಂದು ಕೈಕೊಡುತ್ತದೆಯೋ ಹೇಳಲಾಗದು. ಅದಕ್ಕಿಂತ ದೊಡ್ಡ ಕಾರಣ ಸದ್ದು: ಮೋಟಾರು ಗುಂಯ್ ಎಂದರೆ ಕಂಬ ಯಂತ್ರವಾಗಿಬಿಡುತ್ತದೆ. ಭೂಮಿ ಎಳೆಯುವ ಎಳೆತಕ್ಕೆ ಕರೆಂಟು ಬೇಕಿಲ್ಲ, ಅದು ಸದ್ದೂ ಮಾಡುವುದಿಲ್ಲ. ಪ್ರತಿ ಹೋಳಿನಿಂದ ಹಿಂದಕ್ಕೆ, ಕೀಲಿನ ಆಚೆಗೆ, ಎಂಟು ಇಂಚಿನ ಕಬ್ಬಿಣದ ತೋಳು ಚಾಚಿಕೊಂಡಿರುತ್ತದೆ. ಎರಡೂ ತೋಳುಗಳ ಹಗ್ಗ ರಾಟೆಗಳ ಮೇಲೆ ಹಾದು ಒಂದೇ ಬಳೆಗೆ ಬಂದು ಸೇರುತ್ತವೆ. ಆ ಬಳೆಗೆ ಎಂಟು ಕಿಲೋ ಮರಳಿನ ಚೀಲ. ಚೀಲ ಒಂದು ಅಡಿ ಇಳಿದರೆ ಸಾಕು, ಹೋಳುಗಳು ಪೂರ್ತಿ ತೆರೆದಿರುತ್ತವೆ. ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಕೆಳಗೆ ಸ್ಪಂಜು ತುಂಬಿದ ಡಬ್ಬಿಯೊಳಗೆ ಚೀಲ ಕೂತುಕೊಳ್ಳುತ್ತದೆ. ಒಂದೊಂದು ಹೋಳಿಗೆ ಒಂದೊಂದು ಚೀಲ ಕಟ್ಟಿದರೆ ಒಂದು ಮುಂಚೆ, ಇನ್ನೊಂದು ಆಮೇಲೆ ತೆರೆಯುವ ಸಂಭವವಿದೆ. ಒಂದೇ ಬಳೆಯಾದರೆ ಎರಡೂ ಜೊತೆಗೆ ಬರುತ್ತವೆ.

ಇದರಲ್ಲಿ ನನಗೆ ಬಹಳ ಪ್ರೀತಿಯ ಭಾಗ ಹಗ್ಗದ ಸಡಿಲ. ಚೀಲವನ್ನು ಕೊಕ್ಕೆಯಲ್ಲಿ ನೇತುಹಾಕಿದಾಗ ಹಗ್ಗ ಎರಡು ಇಂಚು ಜೋತಿರಬೇಕು. ಆಗ ಕೊಕ್ಕೆ ಹೊತ್ತಿರುವುದು ಚೀಲವನ್ನು ಮಾತ್ರ. ಹೋಳುಗಳನ್ನು ಮುಚ್ಚಿ ಹಿಡಿದಿರುವುದು ಅಲಮಾರಿನ ಬಾಗಿಲಿಗೆ ಹಾಕುವ ಸಣ್ಣ ಆಯಸ್ಕಾಂತಗಳು. ಕೊಕ್ಕೆ ಬಿಟ್ಟ ಕೂಡಲೇ ಚೀಲ ಆ ಎರಡು ಇಂಚು ತಡೆಯಿಲ್ಲದೆ ಬಿದ್ದು, ವೇಗ ಕೂಡಿಸಿಕೊಂಡು, ಒಮ್ಮೆಗೇ ಹಗ್ಗವನ್ನು ಜಗ್ಗುತ್ತದೆ. ಕಂಬ ತೆರೆದುಕೊಂಡಂತೆ ಕಾಣುವುದಿಲ್ಲ, ಸಿಡಿದಂತೆ ಕಾಣುತ್ತದೆ. ಕೊಕ್ಕೆಯನ್ನು ಬಿಡಿಸಲು ಸೈಕಲ್ ಬ್ರೇಕಿನ ಕೇಬಲ್ಲು, ಅದರ ಕವಚ, ಹಿಡಿ ಸಮೇತ. ವಿಂಗಿನಲ್ಲಿ, ಎಂದರೆ ರಂಗದ ಪಕ್ಕದ ಮರೆಯಲ್ಲಿ, ನಿಂತು ಹಿಡಿ ಒತ್ತುತ್ತೇನೆ. ಕೇಬಲ್ಲು ಹೇಗೆ ಬಳುಕಿದರೂ ಎಳೆತ ಕೊಕ್ಕೆಗೆ ತಲುಪುತ್ತದೆ, ದಾರಿಯಲ್ಲಿ ಯಾರಾದರೂ ಎಡವಿದರೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಹತ್ತಿಯ ಹಗ್ಗ ಇಲ್ಲಿ ಬಳಸಬಾರದು. ನಾಟಕ ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುವಂಥದ್ದು, ಅದೂ ಬಯಲಿನಲ್ಲಿ. ಇಬ್ಬನಿ ಇಳಿಯುತ್ತಿದ್ದಂತೆ ಹತ್ತಿಯ ಹಗ್ಗ ತೇವ ಹೀರಿ ಗಿಡ್ಡವಾಗುತ್ತದೆ. ಎಂಟು ಅಡಿಯ ಹಗ್ಗದಲ್ಲಿ ಒಂದೆರಡು ಇಂಚು ಹೋದರೆ ನಾನು ಬಿಟ್ಟ ಸಡಿಲವೆಲ್ಲ ತೀರಿತು. ಹಿರಣ್ಯಕಶಿಪು ಇನ್ನೂ ಆಸ್ಥಾನದಲ್ಲಿ ಹಾಡುತ್ತಿರುವಾಗಲೇ ಕಂಬ ಬಾಯಿ ಬಿಡಲು ನೋಡುತ್ತದೆ. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ಜಗ್ಗಿದ ಬಿರುಸನ್ನೆಲ್ಲ ತಾನೇ ನುಂಗಿಬಿಡುತ್ತದೆ. ಹೆಣೆದ ಪಾಲಿಯೆಸ್ಟರ್ ಹಗ್ಗ ಹಿಗ್ಗುವುದೂ ಕಡಿಮೆ, ಕುಗ್ಗುವುದೂ ಕಡಿಮೆ.

ರಂಗಕ್ಕೆ ಡ್ರಮ್ಮುಗಳ ಮೇಲೆ ಹಲಗೆ ಹಾಸಿರುತ್ತಾರೆ. ಅದು ಸಮತಟ್ಟಾಗಿರುವುದು ಅಪರೂಪ. ಕಂಬ ತುಸು ವಾಲಿದರೂ ಹೋಳುಗಳು ವಾಲಿದ ಕಡೆಗೆ ತೂಗುತ್ತವೆ. ಅದಕ್ಕೆ ಗಾರೆಯವರ ತೂಗುಗುಂಡು ಇಟ್ಟುಕೊಂಡಿದ್ದೇನೆ. ಅಡಿಗೆ ಬೆಣೆ ಕೊಟ್ಟು ಸರಿಮಾಡಿ, ಹಿಂದೆ ಎರಡು ಆಸರೆಯ ಕೋಲುಗಳನ್ನು ಹಲಗೆಗೆ ಬಿಗಿದ ಮೇಲೆಯೇ ಚೀಲ ಏರಿಸುವುದು.

ಇನ್ನು ಒಳಗೆ ನಿಲ್ಲುವವನು. ನನ್ನ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಕಂಬದ ಬೆನ್ನಿಗೆ ಕಪ್ಪು ಬಟ್ಟೆ ಮಾತ್ರ ಇಳಿಬಿಟ್ಟಿರುತ್ತೇನೆ, ಹಲಗೆ ಹೊಡೆಯುವುದಿಲ್ಲ; ಗಾಳಿ ಆಡಬೇಕು, ಉಸಿರು ಕಟ್ಟಿದರೆ ಹಿಂದಕ್ಕೆ ಹೆಜ್ಜೆ ಇಟ್ಟು ಹೊರಬರುವಂತಿರಬೇಕು. ಮೊದಲ ಸಲ ಈ ಪಾತ್ರ ಹಾಕುವವರನ್ನು ಹಗಲಿನಲ್ಲೇ ಒಳಗೆ ನಿಲ್ಲಿಸುತ್ತೇನೆ. ಹೋದ ವರ್ಷ ಒಬ್ಬ ಯುವಕ ಕೇಳಿದ:

“ಅಣ್ಣಾ, ಹಗ್ಗ ಸಿಕ್ಕಿಕೊಂಡರೆ ನಾನು ಒಳಗೇ ಉಳಿಯುತ್ತೇನಲ್ಲವೇ?”

“ಎರಡೂ ಕೈಯಿಂದ ಮುಂದಕ್ಕೆ ತಳ್ಳಪ್ಪ,” ಎಂದೆ.

ತಳ್ಳಿದ. ಆಯಸ್ಕಾಂತಗಳು ಟಕ್ಕೆಂದು ಬಿಟ್ಟವು, ಕಂಬ ತೆರೆಯಿತು. ಅವನ ಮುಖ ತಿಳಿಯಾಯಿತು. ಚೀಲ, ಕೊಕ್ಕೆ, ಕೇಬಲ್ಲು ಎಲ್ಲವೂ ಕೈಕೊಟ್ಟರೂ ನರಸಿಂಹ ತನ್ನ ಬಲದಿಂದಲೇ ಕಂಬ ಸೀಳಿಕೊಂಡು ಬರಬಹುದು, ಪ್ರೇಕ್ಷಕರಿಗೆ ಏನೂ ಗೊತ್ತಾಗುವುದಿಲ್ಲ. ನನ್ನ ಷೆಡ್ಡಿನಿಂದ ಹೋಗುವ ಪ್ರತಿಯೊಂದು ಪರಿಕರಕ್ಕೂ ಇಂಥ ಎರಡನೆಯ ದಾರಿ ಇರುತ್ತದೆ, ಅದು ಪಾತ್ರಧಾರಿಯ ಕೈಯಲ್ಲೇ ಇರುತ್ತದೆ. ಅದು ಹೊಳೆಯುವವರೆಗೆ ನಾನು ಮುಂಗಡ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಕೆಲವು ಊರುಗಳಲ್ಲಿ ಈ ಪಾತ್ರ ಹಾಕುವವರು ಅಂದು ಉಪವಾಸ ಇರುತ್ತಾರೆ, ಕಂಬಕ್ಕೆ ಅರಿಸಿನ ಕುಂಕುಮ ಇಟ್ಟು ಮಂಗಳಾರತಿ ಎತ್ತುತ್ತಾರೆ. ಆವೇಶ ಬರುವುದೂ ಇದೆ. ಹಿಡಿದುಕೊಳ್ಳಲೆಂದೇ ವಿಂಗಿನಲ್ಲಿ ಇಬ್ಬರು ಗಟ್ಟಿ ಆಳುಗಳನ್ನು ನಿಲ್ಲಿಸಿರುತ್ತಾರೆ. ಅಂಥ ಹೊತ್ತಿನಲ್ಲಿ ಅವರು ನನ್ನ ಸನ್ನೆಗೆ ಕಾಯುತ್ತಾರೆಂದು ನಂಬುವಂತಿಲ್ಲ. ಯಾವ ಗಳಿಗೆಯಲ್ಲಿ ನುಗ್ಗಿದರೂ ಮೈಗೆ ತಾಗುವಂಥ ಚೂಪು ಮೊಳೆ, ಮೊನೆ, ತಂತಿ ಒಳಗೆ ಇರಕೂಡದು. ಪ್ರತಿ ಪ್ರದರ್ಶನಕ್ಕೂ ಮುಂಚೆ ಕಣ್ಣು ಮುಚ್ಚಿಕೊಂಡು ಒಳಗೋಡೆಯನ್ನೆಲ್ಲ ಅಂಗೈಯಿಂದ ಸವರಿ ನೋಡುತ್ತೇನೆ. ಕಣ್ಣಿಗೆ ತಪ್ಪಿದ ಮೊಳೆ ಅಂಗೈಗೆ ಸಿಗುತ್ತದೆ.

ಸಮಯದ ಮಾತು ಹಾರ್ಮೋನಿಯಂ ಮೇಷ್ಟರ ಜೊತೆ ಕೂತು ಮಾಡಬೇಕಾದದ್ದು. ನಾಟಕ ಕಲಿಸಿದವರು ಅವರೇ, ರಂಗದ ಉಸಿರು ಅವರ ಕೈಯಲ್ಲಿ. ಗದೆ ತಗುಲಿದ ಕ್ಷಣಕ್ಕೇ ಕಂಬ ಒಡೆಯಬೇಕೆಂದು ಅವರಲ್ಲಿ ಹಲವರು ಹೇಳುತ್ತಾರೆ. ನಾನು ಕೈಮುಗಿದು ಬೇರೆ ಕೇಳುತ್ತೇನೆ: ಏಟು ಬೀಳಲಿ, ಹಾರ್ಮೋನಿಯಂ, ತಬಲ ನಿಲ್ಲಲಿ, ಏನೂ ಆಗದಿರಲಿ. ಹಿರಣ್ಯಕಶಿಪು ನಗಲು ಶುರುಮಾಡಲಿ. ಆ ನಗೆಯ ನಡುವೆ ಗುಡುಗು, ಗುಡುಗಿನ ಬೆನ್ನಿಗೇ ಕಂಬ. ಒಂದು ಉಸಿರಿನಷ್ಟು ತಡ ಮಾಡಿದರೆ ಸಾವಿರ ಜನ ಅಷ್ಟು ಹೊತ್ತು ಉಸಿರು ಬಿಗಿಹಿಡಿದಿರುತ್ತಾರೆ. ಗುಡುಗಿಗೆ ಆರು ಅಡಿ ಉದ್ದ, ಮೂರು ಅಡಿ ಅಗಲದ ತೆಳು ಜಿಐ ಶೀಟು, ಎಂದರೆ ಸತು ಲೇಪಿಸಿದ ತಗಡು, ತೂಗುಹಾಕಿ, ಕೆಳ ಅಂಚನ್ನು ಹಿಡಿದು ಅಲುಗಿಸುತ್ತೇವೆ. ಧ್ವನಿಮುದ್ರಿತ ಗುಡುಗು ಸ್ಪೀಕರಿನಿಂದ, ರಂಗದ ಹೊರಗಿನಿಂದ ಬರುತ್ತದೆ; ತಗಡಿನ ಗುಡುಗು ಕಂಬದ ಬೆನ್ನಿಂದಲೇ ಬರುತ್ತದೆ, ಹಲಗೆಯೂ ನಡುಗುತ್ತದೆ.

ಚಕ್ರದ ವಿಷಯ ಚಿಕ್ಕದು, ಆದರೆ ಕೈಕೆಲಸ ಸೂಕ್ಷ್ಮ. ಕೃಷ್ಣನ ತೋರುಬೆರಳಿಗೆ ಕೂರುವ ಹಿತ್ತಾಳೆ ಕೊಳವೆಯ ತುಂಡು, ಅದರ ನೆತ್ತಿಗೆ ಬೆಸೆದ ಎಂಟು ಮಿಲಿಮೀಟರ್ ಬೋಲ್ಟು, ಅದರ ಮೇಲೆ ಸ್ಕೇಟಿಂಗ್ ಚಕ್ರಗಳಿಗೆ ಹಾಕುವ 608 ನಂಬರಿನ ಬೇರಿಂಗು. ಅಂಗಡಿಯಿಂದ ತಂದ ಹಾಗೇ ಹಾಕಿದರೆ ಚಕ್ರ ಬೇಗ ನಿಂತುಬಿಡುತ್ತದೆ, ಏಕೆಂದರೆ ಒಳಗೆ ಗಟ್ಟಿ ಗ್ರೀಸು ತುಂಬಿರುತ್ತದೆ. ಮುಚ್ಚಳ ಬಿಡಿಸಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಡಬೇಕು. ತಟ್ಟೆ ಹಗುರ ಫೋಮ್ ಹಾಳೆಯದು. ಅಂಚಿನೊಳಗೆ ತಾಮ್ರದ ತಂತಿಯ ಬಳೆ ಹುದುಗಿಸುತ್ತೇನೆ. ಭಾರ ಅಂಚಿನಲ್ಲಿದ್ದರೆ ತಿರುಗುವ ಚಕ್ರ ಬೇಗ ಸೋಲುವುದಿಲ್ಲ. ಆಮೇಲೆ ಬೋಲ್ಟನ್ನು ಅಡ್ಡಲಾಗಿ ಹಿಡಿದು, ತಟ್ಟೆ ನೆಟ್ಟಗೆ ನಿಲ್ಲುವಂತೆ ಮಾಡಿ, ಮೆಲ್ಲಗೆ ತಿರುಗಿಸಿ ಬಿಡುವುದು. ಪ್ರತಿ ಸಲವೂ ಒಂದೇ ಕಡೆ ಕೆಳಗೆ ಬಂದು ನಿಂತರೆ ಆ ಕಡೆ ಭಾರ ಹೆಚ್ಚು ಎಂದರ್ಥ, ಎದುರು ಅಂಚಿಗೆ ಕಾಳಿನಷ್ಟು ಮೇಣ. ಎಲ್ಲಿ ಬೇಕಾದರೂ ನಿಲ್ಲುವ ತನಕ ಇದೇ ಕೆಲಸ. ಕೃಷ್ಣ ವಿಂಗಿನ ಕಡೆ ತಿರುಗಿ ಎಡಗೈಯಿಂದ ಒಮ್ಮೆ ಬೀಸಿ, ಬೆರಳೆತ್ತಿ ಸಭೆಯತ್ತ ತಿರುಗಿದರೆ ಶಿಶುಪಾಲನ ವಧೆ ಮುಗಿಯುವವರೆಗೂ ಅದು ತಿರುಗುತ್ತಲೇ ಇರುತ್ತದೆ.

ಶರಶಯ್ಯೆಯಲ್ಲಿ ಗುಟ್ಟೇನಿಲ್ಲ. ಕಪ್ಪು ಬಣ್ಣ ಬಳಿದ ಎರಡು ಪಟ್ಟಿ ಹಲಗೆ ಮೈಭಾರ ಹೊರುತ್ತವೆ, ಸುತ್ತ ಬಾಣಗಳು ಬರಿಯ ನೋಟಕ್ಕೆ. ಹಳ್ಳಿಯ ರಂಗ ನಾಲ್ಕು ಅಡಿ ಎತ್ತರ, ಜನ ನೆಲದ ಮೇಲೆ ಕೂತು ಕೆಳಗಿನಿಂದ ನೋಡುತ್ತಾರೆ; ಆದ್ದರಿಂದ ಹಲಗೆಯ ಅಡಿಭಾಗಕ್ಕೂ ಬಾಣದ ಗರಿ ಅಂಟಿಸಬೇಕು. ಹಿಂದಿನ ಸಾಲುಗಳು ಎತ್ತರದಲ್ಲಿರುವ ನಗರದ ರಂಗಮಂದಿರಗಳಲ್ಲಿ ಮೇಲ್ಭಾಗವನ್ನು ಮುಚ್ಚಬೇಕು. ಭೀಷ್ಮರು ಮಲಗಿಕೊಂಡೇ ಹಾಡಬೇಕಾದ್ದರಿಂದ ತಲೆಯ ಕಡೆ ತುಸು ಎತ್ತರಿಸಿಕೊಡುತ್ತೇನೆ, ಎದೆ ಕುಸಿದರೆ ಕಂಠ ಏಳುವುದಿಲ್ಲ.

ಬೆಂಕಿ ಮಾತ್ರ ಕೇಳಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಪಂಜಿಗೆ ರಾಳದ ಪುಡಿ ಎರಚಿ ಜ್ವಾಲೆ ಎಬ್ಬಿಸುವುದು ಹಳೆಯ ಪದ್ಧತಿ, ನೋಡಲು ಭವ್ಯ; ಬಯಲಿನಲ್ಲಿ, ತಿಳಿದವರ ಕೈಯಲ್ಲಿ ಸರಿ. ಪರದೆ, ಷಾಮಿಯಾನ, ಒಣ ಬಿದಿರು, ಕಾಗದದ ಕಂಬ ಇರುವಲ್ಲಿ ಅದು ಸಲ್ಲದು. ಕಂಬ ಒಡೆದಾಗ ಹಾರುವ ಧೂಳಿಗೂ ಅಕ್ಕಿ ಹಿಟ್ಟು, ಮೈದಾ ಬಳಸಬಾರದು. ಗಾಳಿಯಲ್ಲಿ ಹರಡಿದ ಹಿಟ್ಟು ಕಿಡಿ ಸೋಕಿದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ನಾನು ಹಿಡಿಯಷ್ಟು ಜರಡಿ ಹಿಡಿದ ಮುಲ್ತಾನಿ ಮಣ್ಣನ್ನು ಸಂದಿನ ನೆತ್ತಿಯಲ್ಲಿ ಇಡುತ್ತೇನೆ, ಜೊತೆಗೆ ಬೂದು ಬಣ್ಣ ಬಳಿದ ಥರ್ಮಾಕೋಲ್ ಚೂರು. ಹಿರಣ್ಯಕಶಿಪುವಿನ ಕರುಳಿಗೂ ಬಣ್ಣದ ನೀರು ಬೇಡ, ಬಾಡಿಗೆಯ ಪೋಷಾಕು ಹಾಳಾಗುತ್ತದೆ. ಸೊಂಟಪಟ್ಟಿಯೊಳಗೆ ಮಡಿಸಿಟ್ಟ ಕೆಂಪು ರೇಷ್ಮೆ ಬಟ್ಟೆ ಮಾರುಗಟ್ಟಲೆ ಹೊರಬಂದು ನರಸಿಂಹನ ಕೊರಳಿಗೆ ಮಾಲೆಯಾಗುವುದು ರಕ್ತಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆಂಬುದು ನನ್ನ ಅನುಭವ.

ಈಗ ಷೆಡ್ಡಿನಲ್ಲಿ ಜಟಾಯುವಿನ ರೆಕ್ಕೆ ನಡೆಯುತ್ತಿದೆ. ರಾವಣನ ಕತ್ತಿ ತಗುಲಿದ ಕೂಡಲೇ ಒಂದು ರೆಕ್ಕೆ ಬುಡದಿಂದ ಕಳಚಿ ಬೀಳಬೇಕು. ಭಾರ ಹೊರುವುದು ಪಾತ್ರಧಾರಿಯ ಹೆಗಲು, ಆದ್ದರಿಂದ ದಬ್ಬೆಯ ಬದಲು ಹಳೆಯ ಕೊಡೆಯ ಕಡ್ಡಿಗಳನ್ನು ಜೋಡಿಸಿ ನೋಡುತ್ತಿದ್ದೇನೆ. ಕಳಚುವ ಕೊಕ್ಕೆ ಅವನ ಹೆಬ್ಬೆರಳ ಅಡಿಯಲ್ಲೇ ಇರುತ್ತದೆ, ಅದಕ್ಕೂ ಅದೇ ಬ್ರೇಕ್ ಕೇಬಲ್ಲು. ಕೊಕ್ಕೆ ಬಿಡದೆ ಹೋದರೆ ಹೆಗಲು ಒದರಿ ರೆಕ್ಕೆ ಕೆಡವುವುದು ಹೇಗೆ ಎಂಬುದು ಮಾತ್ರ ಇನ್ನೂ ಬಗೆಹರಿಯಬೇಕಿದೆ. ಆ ತಂಡದವರ ಮುಂಗಡ ಅವರ ಬಳಿಯೇ ಇದೆ.